950 ಗ್ರಾಂ ನಾಯಿಮರಿ, ಲಸಿಕೆ ಆದಮೇಲೆ ಮುಖ ಊದಿತು, ರಾತ್ರಿ ಕುಸಿದು ಬಿದ್ದಳು. ಮುಂದಿನ ಡೋಸ್ ಹಾಕಿಸಲಾ, ಬೇಡ್ವಾ?

ಪುಟ್ಟಿ ಅಮ್ಮ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಪುಟ್ಟಿ ಚಿವಾವಾ ಮರಿ. 12 ವಾರ, ತೂಕ 950 ಗ್ರಾಂ. ನನ್ನ ಎರಡು ಅಂಗೈ ಜೋಡಿಸಿದರೆ ಅದರಲ್ಲೇ ಮಲಗುತ್ತಾಳೆ. 8ನೇ ವಾರದಲ್ಲಿ ಮೊದಲ ಲಸಿಕೆ ಹಾಕಿಸಿದಾಗ ಒಂದು ದಿನ ಮಂಕಾಗಿದ್ದಳು, ಅಷ್ಟೇ. ಈ ಶನಿವಾರ ಎರಡನೆಯದು. ಡಿಸ್ಟೆಂಪರ್, ಪಾರ್ವೊ ಅಂತ ನಾಯಿಗಳಿಗೆ ಬರುವ ವೈರಸ್ ರೋಗಗಳಿಗೆಲ್ಲ ಸೇರಿಸಿ ಒಂದು ಲಸಿಕೆ, ಜೊತೆಗೆ ಲೆಪ್ಟೊ (ಇಲಿ ಜ್ವರದ್ದು), ಜೊತೆಗೆ ರೇಬೀಸ್. "ಪದೇ ಪದೇ ಬರೋದು ಯಾಕೆ, ಇವತ್ತೇ ಮುಗಿಸಿಬಿಡೋಣ" ಅಂದರು. ನಾನೂ ಹೂಂ ಅಂದೆ. ಕಾರಿನಲ್ಲಿ ಕೂತರೆ ಅವಳಿಗೆ ವಾಂತಿ ಆಗುತ್ತದೆ ಅಂತ ಬೆಳಿಗ್ಗೆ ಆರಕ್ಕೆ ತಿನ್ನಿಸಿದ್ದು ಬಿಟ್ಟರೆ ಏನೂ ಕೊಟ್ಟಿರಲಿಲ್ಲ.

ಇಂಜೆಕ್ಷನ್ ಕೊಟ್ಟಿದ್ದು ಹತ್ತೂವರೆಗೆ. ತಕ್ಷಣ ಹೊರಟುಬಂದೆವು. ಮನೆಗೆ ಬಂದು ಹತ್ತು ನಿಮಿಷ ಆಗಿರಬೇಕು, ಮುಖವನ್ನು ಕಂಬಳಿಗೆ ಒಂದೇ ಸಮನೆ ಉಜ್ಜತೊಡಗಿದಳು. ಎತ್ತಿ ನೋಡಿದರೆ ಮೂತಿ ದಪ್ಪ ಆಗಿತ್ತು, ಒಂದು ಕಣ್ಣು ಅರ್ಧ ಮುಚ್ಚಿಹೋಗಿತ್ತು. ಹೊಟ್ಟೆಯ ಮೇಲೆ ಕೂದಲು ಕಡಿಮೆ ಇರುವ ಕಡೆ ಕೆಂಪು ದದ್ದು. ಎರಡು ಸಲ ವಾಂತಿ. ವಾಪಸ್ ಓಡಿದೆವು. ಎರಡು ಇಂಜೆಕ್ಷನ್ ಕೊಟ್ಟರು, ಮಧ್ಯಾಹ್ನದ ಹೊತ್ತಿಗೆ ಊತ ಇಳಿಯಿತು. ಮಲಗಿದಳು. ಪಾಪ, ಸುಸ್ತಾಗಿದೆ, ಮಲಗಲಿ ಅಂತ ನಾನು ಎಬ್ಬಿಸಲಿಲ್ಲ.

ರಾತ್ರಿ ಎಂಟಕ್ಕೆ ನೀರು ಕುಡಿಯಲು ಎದ್ದಳು. ಹಿಂಗಾಲು ತೂರಾಡಿತು, ಬಟ್ಟಲ ಪಕ್ಕದಲ್ಲೇ ಅಡ್ಡ ಬಿದ್ದಳು. ಕಣ್ಣು ತೆರೆದೇ ಇತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ಗದ್ದ ಅದುರುತ್ತಿತ್ತು. ಬೆಳಗಿನ ಆಸ್ಪತ್ರೆ ಮುಚ್ಚಿತ್ತು. ಬೇರೆ ಕಡೆ ಕರೆದುಕೊಂಡು ಹೋದಾಗ ರಕ್ತದ ಸಕ್ಕರೆ ನೋಡಿ 38 ಅಂದರು. ಗ್ಲೂಕೋಸ್ ಹಾಕಿದ ಸ್ವಲ್ಪ ಹೊತ್ತಿಗೆ ತಲೆಯೆತ್ತಿ ನನ್ನ ಬೆರಳು ನೆಕ್ಕಿದಳು. ಅಲ್ಲೇ ಕೂತು ಅತ್ತುಬಿಟ್ಟೆ.

16ನೇ ವಾರಕ್ಕೆ ಇನ್ನೊಂದು ಡೋಸ್ ಇದೆ. ಮನೆಯಲ್ಲಿ ಎಲ್ಲರೂ ಬೇಡವೇ ಬೇಡ ಅನ್ನುತ್ತಿದ್ದಾರೆ. ಒಬ್ಬರು ಅರ್ಧ ಡೋಸ್ ಹಾಕಿಸು ಅಂತಾರೆ. ನನಗೆ ಏನು ಮಾಡಬೇಕೋ ತೋಚುತ್ತಿಲ್ಲ.

ಮೂರು ಪಗ್ ಮನೆ:

ಅಕ್ಕ, ಮೊದಲು ಒಂದು ಮಾತು. ನೀವು ತಡ ಮಾಡಲಿಲ್ಲ, ಎರಡು ಸಲವೂ ಓಡಿದಿರಿ. ಅದಕ್ಕೇ ಅವಳು ಉಳಿದಳು.

ನಮ್ಮ ನಡುವಿನ ಪಗ್‌ಗೂ ಹೀಗೇ ಮುಖ ಊದಿತ್ತು. ಆಮೇಲಿಂದ ನಾವು ಮಾಡುವುದು ಹೇಳುತ್ತೇನೆ. ಶನಿವಾರ, ಸಂಜೆ ಹೊತ್ತು ಲಸಿಕೆ ಹಾಕಿಸುವುದೇ ಇಲ್ಲ. ವಾರದ ದಿನ, ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ. ಏನಾದರೂ ಆದರೆ ಇಡೀ ದಿನ ಡಾಕ್ಟರ್ ಇರುತ್ತಾರೆ. ಇಂಜೆಕ್ಷನ್ ಆದಮೇಲೆ ಒಂದು ಗಂಟೆ ಅಲ್ಲೇ ಕೂರುತ್ತೇವೆ. ಜೀವಕ್ಕೇ ಕುತ್ತು ತರುವ ಅಲರ್ಜಿ ಸಾಮಾನ್ಯವಾಗಿ ಕೆಲವೇ ನಿಮಿಷದಿಂದ ಒಂದು ಗಂಟೆಯೊಳಗೆ ಶುರು ಆಗುತ್ತದೆ ಅಂತ ನಮ್ಮ ಡಾಕ್ಟರ್ ಹೇಳಿದ್ದರು. ಮುಖದ ಊತ ಇನ್ನೂ ತಡವಾಗಿಯೂ ಬರಬಹುದು, ಹಾಗಾಗಿ ಆ ದಿನ ಮನೆಯಲ್ಲಿ ಒಬ್ಬರು ಇರಲೇಬೇಕು.

ಕೂತಾಗ ಸುಮ್ನೆ ಕೂರಬೇಡಿ. ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಇರಬೇಕು. ಹೆಬ್ಬೆರಳಲ್ಲಿ ಒತ್ತಿ ಬಿಟ್ಟರೆ ಬಿಳಿಯಾಗಿ, ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಆಗಬೇಕು. ಆರೋಗ್ಯವಾಗಿರುವಾಗಲೇ ಮನೆಯಲ್ಲಿ ನಾಲ್ಕು ಸಲ ಒತ್ತಿ ನೋಡಿ ಅಭ್ಯಾಸ ಮಾಡಿಕೊಳ್ಳಿ. ಪಗ್‌ಗಳಲ್ಲಿ ಕೆಲವಕ್ಕೆ ವಸಡೇ ಕಪ್ಪು, ಗುಲಾಬಿ ಜಾಗ ಎಲ್ಲಿದೆ ಅಂತ ಗಾಬರಿಯಲ್ಲಿ ಹುಡುಕಿದರೆ ಸಿಗಲ್ಲ. ವಸಡು ಬೆಳ್ಳಗಾದರೆ, ಉಸಿರು ಕಷ್ಟ ಆದರೆ, ವಾಂತಿ ಬೇಧಿ ಜೊತೆ ಕೈಕಾಲು ಬಿಟ್ಟರೆ ಒಂದು ನಿಮಿಷವೂ ಕಾಯುವ ಹಾಗಿಲ್ಲ.

ಬ್ರೌನಿ ಅಪ್ಪ:

ನಮ್ಮ ಪೊಮೆರೇನಿಯನ್ ಮರಿಗೆ ಪ್ರತಿ ಸಲವೂ ಅರ್ಧ ಡೋಸೇ ಹಾಕಿಸಿದ್ವಿ. ಏನೂ ತೊಂದರೆ ಆಗಲಿಲ್ಲ. ದೊಡ್ಡ ನಾಯಿಗೂ ಅಷ್ಟೇ, ಅಂಗೈಯಷ್ಟು ಮರಿಗೂ ಅಷ್ಟೇ ಔಷಧಿ ಅಂದರೆ ಹೇಗೆ? ಲೆಕ್ಕವೇ ಸರಿ ಹೋಗಲ್ಲ ಅಲ್ವಾ?

ನಾನೊಬ್ಬ ಪಶುವೈದ್ಯೆ:

ಪುಟ್ಟಿ ಅಮ್ಮ, ಮರಿಯನ್ನು ಕಣ್ಣಾರೆ ನೋಡದೆ ಚಿಕಿತ್ಸೆ ಹೇಳಲಾರೆ. ಆದರೆ ನೀವು ಬರೆದದ್ದರಲ್ಲಿ ಎರಡು ಬೇರೆ ಬೇರೆ ವಿಷಯ ಇವೆ. ಬೆಳಿಗ್ಗೆ ಆದದ್ದು ಅಲರ್ಜಿ. ರಾತ್ರಿ ಆದದ್ದು ಸಕ್ಕರೆ ಇಳಿದದ್ದು. ಲಸಿಕೆ ಎರಡನೆಯದಕ್ಕೆ ನೆಪ ಆಯಿತು, ಅಷ್ಟೇ. ಕಾರಣ ಹಸಿವು.

ಚಿವಾವಾದಂಥ ಪುಟಾಣಿ (ಟಾಯ್) ತಳಿಯ ಮರಿಗಳ ಲಿವರ್‌ನಲ್ಲಿ ಸಕ್ಕರೆಯ ದಾಸ್ತಾನು ತುಂಬಾ ಕಡಿಮೆ, ಮೈಯಲ್ಲಿ ಮಾಂಸವೂ ಕಡಿಮೆ. ಕೆಲವು ಗಂಟೆ ತಿನ್ನದಿದ್ದರೆ ಸಾಕು. ಪುಟ್ಟಿ ಆರಕ್ಕೆ ತಿಂದದ್ದನ್ನೂ ವಾಂತಿ ಮಾಡಿಕೊಂಡಿರಬಹುದು, ಆಮೇಲೆ ಎಂಟರವರೆಗೆ ಬರೀ ನಿದ್ದೆ. 60ಕ್ಕಿಂತ ಕೆಳಗೆ ಬಂದರೆ ನಾವು ಸಕ್ಕರೆ ಕಡಿಮೆ ಅನ್ನುತ್ತೇವೆ, ಅವಳದು 38. ತೂರಾಡುವುದು, ನಿಟ್ಟಿಸಿ ನೋಡುವುದು, ನಡುಕ, ಕೊನೆಗೆ ಫಿಟ್ಸ್. ಹೀಗೇ ಹೋಗುತ್ತದೆ. ಮುಂದಿನ ಸಲ 3–4 ಗಂಟೆಗೊಮ್ಮೆ ಎಬ್ಬಿಸಿ ಸ್ವಲ್ಪ ತಿನ್ನಿಸಿ. ತೂರಾಡಿದರೆ ಗ್ಲೂಕೋಸ್ ನೀರನ್ನೋ ಜೇನುತುಪ್ಪವನ್ನೋ ಬೆರಳಲ್ಲಿ ವಸಡಿಗೆ ಸವರಿ, ಆಸ್ಪತ್ರೆಗೆ ಹೊರಡಿ. ಪ್ರಜ್ಞೆ ಇಲ್ಲದಿದ್ದಾಗ ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಮನೆಯಲ್ಲಿರುವ ಮನುಷ್ಯರ ಅಲರ್ಜಿ ಸಿರಪ್ ಅನ್ನು ನಾವು ಹೇಳದೆ ಕೊಡಬೇಡಿ. ಕೆಲವು ಸಿರಪ್‌ಗಳಲ್ಲಿ ಸಿಹಿಗೆ ಕ್ಸೈಲಿಟಾಲ್ ಹಾಕಿರುತ್ತಾರೆ. ನಾಯಿಗೆ ಅದು ಇನ್ಸುಲಿನ್ ಉಕ್ಕಿಸಿ ಸಕ್ಕರೆಯನ್ನು ಇನ್ನೂ ಕೆಳಗೆ ತಳ್ಳುತ್ತದೆ. ಜ್ವರ ಅಂತ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೂಡ ಬೇಡ.

ಬ್ರೌನಿ ಅಪ್ಪ, ನಿಮ್ಮ ಪ್ರಶ್ನೆ ನ್ಯಾಯವಾದದ್ದೇ, ಬಹಳ ಜನ ಕೇಳುತ್ತಾರೆ. ಮಾತ್ರೆ ಮೈಯೆಲ್ಲ ಹರಡಿ ಕೆಲಸ ಮಾಡುತ್ತದೆ, ಅದಕ್ಕೆ ತೂಕದ ಲೆಕ್ಕ. ಲಸಿಕೆ ಹಾಗಲ್ಲ. ರೋಗನಿರೋಧಕ ವ್ಯವಸ್ಥೆಗೆ ಶತ್ರುವಿನ ಗುರುತು ಹಿಡಿಸಲು ಇಂತಿಷ್ಟು ಬೇಕು, ಅದು ದೊಡ್ಡ ನಾಯಿಗೂ ಸಣ್ಣದಕ್ಕೂ ಒಂದೇ. ಅರ್ಧ ಕೊಟ್ಟರೆ ರಕ್ಷಣೆ ಬಂದಿದೆ ಎಂದು ನಂಬುವ ಹಾಗಿಲ್ಲ. ಅಲರ್ಜಿ ಇರುವ ಮರಿಗೆ ಅರ್ಧವೂ ಸಾಕು, ಮುಖ ಊದಲು. ರಕ್ಷಣೆ ಬಂದಿದೆಯೇ ಅಂತ ತಿಳಿಯಲು ದಯವಿಟ್ಟು ಬ್ರೌನಿಗೆ ಒಮ್ಮೆ ಆ್ಯಂಟಿಬಾಡಿ (ರೋಗದ ವಿರುದ್ಧ ರಕ್ತದಲ್ಲಿರುವ ಪ್ರತಿಕಾಯ) ಪರೀಕ್ಷೆ ಮಾಡಿಸಿ.

ಸಣ್ಣ ನಾಯಿಗಳಿಗೆ ಅಪಾಯ ಜಾಸ್ತಿ ಅನ್ನುವುದು ಮಾತ್ರ ನಿಜ. ಅಮೆರಿಕದಲ್ಲಿ 12 ಲಕ್ಷಕ್ಕೂ ಹೆಚ್ಚು ನಾಯಿಗಳ ದಾಖಲೆ ನೋಡಿದ ಅಧ್ಯಯನವೊಂದು 2005ರಲ್ಲಿ ಪ್ರಕಟವಾಯಿತು. ಲಸಿಕೆಯ ಮೂರು ದಿನದೊಳಗೆ ತೊಂದರೆ ಕಂಡದ್ದು 10,000ಕ್ಕೆ ಸುಮಾರು 38 ನಾಯಿಗಳಲ್ಲಿ. ತೂಕ ಇಳಿದಂತೆ ಅಪಾಯ ಏರಿತ್ತು. 10 ಕೆಜಿವರೆಗಿನ ನಾಯಿಗಳಲ್ಲಿ ಒಂದೇ ದಿನ ಕೊಡುವ ಲಸಿಕೆ ಒಂದೊಂದು ಹೆಚ್ಚಾದ ಹಾಗೆ ಅಪಾಯ 27% ಏರುತ್ತಿತ್ತು. ಆದ್ದರಿಂದ ಡೋಸ್ ಅರ್ಧ ಮಾಡಬೇಡಿ, ದಿನ ಬೇರೆ ಮಾಡಿ. ಮೂರೂ ಒಂದೇ ದಿನ ಹಾಕಿದ್ದರಿಂದ ಪುಟ್ಟಿಗೆ ಯಾವುದು ಒಗ್ಗಲಿಲ್ಲ ಅಂತ ಈಗ ಹೇಳಲೂ ಆಗದು.

16ನೇ ವಾರದ್ದನ್ನು ಸುಮ್ನೆ ಬಿಡಬೇಡಿ. ತಾಯಿಯಿಂದ ಬಂದ ಆ್ಯಂಟಿಬಾಡಿ ಇನ್ನೂ ಇರುವಾಗ ಹಾಕಿದ ಲಸಿಕೆಯನ್ನು ಅದೇ ತಿಂದುಹಾಕಿಬಿಡಬಹುದು. ಅದಕ್ಕೇ ಕೊನೆಯ ಡೋಸ್ 16 ವಾರ ಅಥವಾ ಅದಾದಮೇಲೆ ಬೀಳಬೇಕು. ನಿಮ್ಮ ಡಾಕ್ಟರ್ ಜೊತೆ ಮಾತಾಡಿ: ಆ ದಿನ ಡಿಸ್ಟೆಂಪರ್–ಪಾರ್ವೊ ಗುಂಪು ಮಾತ್ರ, ಸಾಧ್ಯವಾದರೆ ಬೇರೆ ಕಂಪನಿಯದು. ಲೆಪ್ಟೊ ಎರಡನೇ ಡೋಸ್ ಇನ್ನೊಂದು ದಿನ, ಇಲಿ, ನಿಂತ ನೀರು ಇರುವ ಕಡೆ ಅದೂ ಬೇಕು. ಮುಂಚೆಯೇ ಅಲರ್ಜಿ ಇಂಜೆಕ್ಷನ್ ಕೊಡಬಹುದು, ಆದರೆ ಅದು ತೀವ್ರ ಅಲರ್ಜಿಯನ್ನು ತಡೆಯುತ್ತದೆ ಅಂತ ಗ್ಯಾರಂಟಿ ಇಲ್ಲ. ಕಾಯುವುದು ಕಾಯಲೇಬೇಕು. ಕಾರ್ಡಿನಲ್ಲಿ ಬಾಟಲಿಯ ಸ್ಟಿಕರ್ ಅಂಟಿಸಿರುತ್ತಾರೆ, ಅದರ ಪಕ್ಕದಲ್ಲೇ ಏನಾಯಿತು, ಎಷ್ಟು ನಿಮಿಷಕ್ಕೆ ಅಂತ ಬರೆಸಿ.

ಸೋನು ಅಕ್ಕ:

ನಮ್ಮ ಸೋನುಗೆ ಎರಡು ಡೋಸ್ ಆದಮೇಲೆ ಭಯಪಟ್ಟು ನಿಲ್ಲಿಸಿದ್ವಿ. ಐದು ತಿಂಗಳಿಗೆ ಪಾರ್ವೊ ಬಂತು. ಹೊರಗೆ ಕರೆದುಕೊಂಡೇ ಹೋಗಿರಲಿಲ್ಲ, ನಮ್ಮ ಚಪ್ಪಲಿಯಲ್ಲೇ ಬಂದಿರಬೇಕು. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ ಅಂತ ಆಮೇಲೆ ಗೊತ್ತಾಯಿತು. ನಾಲ್ಕು ದಿನ ಡ್ರಿಪ್ ಹಾಕಿದರೂ ಉಳಿಯಲಿಲ್ಲ. ಹಾಕಿಸಿ ಅಕ್ಕ.

ಪುಟ್ಟಿ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಸೋನು ಅಕ್ಕ, ನಿಮ್ಮದನ್ನು ಮನೆಯಲ್ಲಿ ಓದಿ ಹೇಳಿದೆ. ಆಮೇಲೆ ಯಾರೂ ಬೇಡ ಅನ್ನಲಿಲ್ಲ.

16ನೇ ವಾರದ್ದನ್ನು ನಿನ್ನೆ ಹಾಕಿಸಿದೆ. ಈಗ ಅವಳು 1 ಕೆಜಿ 250 ಗ್ರಾಂ. ಮಂಗಳವಾರ, ಮೊದಲ ಟೋಕನ್. ಹೊರಡುವ ಮೊದಲು ಸ್ವಲ್ಪ ತಿನ್ನಿಸಿದೆ, ಕಾರಿನಲ್ಲಿ ವಾಂತಿ ಮಾಡಲಿಲ್ಲ. ಒಂದೇ ಲಸಿಕೆ, ಪೂರ್ತಿ ಡೋಸ್, ಬೇರೆ ಕಂಪನಿಯದು, ಮುಂಚೆ ಅಲರ್ಜಿ ಇಂಜೆಕ್ಷನ್. ಒಂದೂಕಾಲು ಗಂಟೆ ಬೆಂಚಿನ ಮೇಲೆ ಕೂತಿದ್ದೆ. ಐದೈದು ನಿಮಿಷಕ್ಕೆ ತುಟಿ ಎತ್ತಿ ವಸಡು ಒತ್ತುತ್ತಿದ್ದೆ, ಕೊನೆಗೆ ನನ್ನ ಕೈ ಬಂದ ಕೂಡಲೇ ಅವಳೇ ಮುಖ ತಿರುಗಿಸುತ್ತಿದ್ದಳು. ಊತ ಬರಲಿಲ್ಲ. ಹೆಗಲ ಹತ್ತಿರ ಕಡಲೆಕಾಳಿನಷ್ಟು ಗಂಟಿದೆ. ಎರಡು ಮೂರು ವಾರದಲ್ಲಿ ಕರಗಬೇಕು, ದೊಡ್ಡದಾದರೆ ಬನ್ನಿ ಅಂದಿದ್ದಾರೆ.

ರಾತ್ರಿ ಹತ್ತು, ಒಂದು, ನಾಲ್ಕಕ್ಕೆ ಅಲಾರಂ ಇಟ್ಟು ತಿನ್ನಿಸಿದೆ. ಒಂದು ಗಂಟೆಗೆ ಎದ್ದಾಗ ಕಣ್ಣು ಮುಚ್ಚಿಕೊಂಡೇ ಚಮಚ ನೆಕ್ಕಿದಳು. ಬೆಳಿಗ್ಗೆ ನಾನಿನ್ನೂ ಏಳುವ ಮೊದಲೇ ನನ್ನ ಒಂದು ಚಪ್ಪಲಿ ಹಾಸಿಗೆ ಕೆಳಗೆ ಎಳೆದುಕೊಂಡು ಹೋಗಿದ್ದಾಳೆ. ಲೆಪ್ಟೊ ಇನ್ನು ಎರಡು ವಾರಕ್ಕೆ, ಅದೂ ಮಂಗಳವಾರವೇ.