‘ಹಾಕಿ ನೋಡುತ್ತಾ ಚುಟ್ಟ ಸೇದಿ ದರ ಕಟ್ಟಿದೆ’: ಈ ಸಾಲು ಎಲ್ಲೆಲ್ಲಿ ಕೆಟ್ಟಿದೆ?

ಪ್ರಶ್ನೆ:

ನಮಸ್ಕಾರ. ಕೆನಡಾದ ಸಿಗಾರ್ ಹವ್ಯಾಸಿಯೊಬ್ಬರ ಟಿಪ್ಪಣಿ ಕನ್ನಡಕ್ಕೆ ಬರಬೇಕಿದೆ. ಟಿವಿಯಲ್ಲಿ ಐಸ್ ಹಾಕಿ, ಕೈಯಲ್ಲಿ ರೊಬುಸ್ಟೊ ಅನ್ನುವ ಗಿಡ್ಡ, ದಪ್ಪ ಸಿಗಾರ್, ಕೊನೆಗೆ ನೂರಕ್ಕೆ ಇಷ್ಟು ಅಂತ ರೇಟಿಂಗ್. ಮೊದಲ ಸಾಲಿನ ಕರಡು ಮೇಲಿನದು. ಸಿಗಾರ್‌ಗೆ ಚುಟ್ಟ ಅನ್ನಬಹುದೇ? ರೇಟಿಂಗ್‌ಗೆ ಏನನ್ನಬೇಕು? ಡ್ರಾ, ಬರ್ನ್, ರ‍್ಯಾಪರ್, ಕ್ಯಾಪ್, ಟೋಸ್ಟಿಂಗ್ ಇವಕ್ಕೆ ಜನ ಆಡುವ ಮಾತುಗಳಿವೆಯೇ?

ಉತ್ತರ:

ಮೊದಲ ಪದವೇ ಎಡವಿಸುತ್ತದೆ ಸಾರ್. ಆಟದ ‘ಹಾಕಿ’, ‘ಹಾಕು’ ಇಂದ ಬಂದ ‘ಹಾಕಿ’, ಎರಡೂ ಬರಹದಲ್ಲಿ ಒಂದೇ. ವಾಕ್ಯ ‘ಹಾಕಿ ನೋಡುತ್ತಾ’ ಅಂತ ಶುರುವಾದರೆ ಏನನ್ನು ಹಾಕಿ, ಅಂಗಿಯನ್ನೋ ಉಪ್ಪನ್ನೋ ಅಂತ ಓದುವವನು ಹಿಂದೆ ಮುಂದೆ ಹುಡುಕುತ್ತಾನೆ. ‘ಹಾಕಿ ಪಂದ್ಯ ನೋಡುತ್ತಾ’ ಅಂದರೆ ತೊಂದರೆ ತೀರಿತು. ‘ಹಾಕಿ ಆಟ’ ಅನ್ನುವುದು ಕ್ರೀಡೆಗೆ. ಆ ದಿನದ ಒಂದು ಗೇಮ್ ಅಂದರೆ ಪಂದ್ಯ. ಕೆನಡಾದಲ್ಲಿ ಬರೀ ಹಾಕಿ ಅಂದರೆ ಐಸ್ ಹಾಕಿ, ಕೊಡಗಿನಲ್ಲಿ ಬರೀ ಹಾಕಿ ಅಂದರೆ ಮೈದಾನದ್ದು. ಹಾಗಾಗಿ ಮೊದಲ ಸಲ ‘ಐಸ್ ಹಾಕಿ’ ಅಂತಲೇ ಬರೆಯಿರಿ. ‘ಹಿಮ ಹಾಕಿ’ ಮಾತ್ರ ಬೇಡ. ಅಲ್ಲಿರುವುದು ಹಿಮವಲ್ಲ, ಮಂಜುಗಡ್ಡೆ; ಸಾಲದ್ದಕ್ಕೆ ಹಿಮವನ್ನು ಎಲ್ಲಿಗೋ ಹಾಕಿದಂತೆಯೂ ಕೇಳುತ್ತದೆ. ಪಕ್ ಅನ್ನು ಚೆಂಡು ಅನ್ನಬೇಡಿ. ಅದು ಮೂರು ಇಂಚು ಅಗಲ, ಒಂದು ಇಂಚು ದಪ್ಪದ ರಬ್ಬರ್ ಬಿಲ್ಲೆ.

‘ದರ ಕಟ್ಟಿದೆ’ ಅಂದರೆ ಅಂಗಡಿಯವನ ಕೆಲಸ. ‘ಶ್ರೇಯಾಂಕ’ವೂ ಸಲ್ಲದು, ಅದು ಸಾಲಿನಲ್ಲಿ ಎಷ್ಟನೆಯವನು ಅನ್ನುವ ಲೆಕ್ಕ, ಅಂದರೆ ರ‍್ಯಾಂಕಿಂಗ್. ರೇಟಿಂಗ್‌ಗೆ ‘ಅಂಕ ಕೊಡು’ ನೇರವಾಗಿದೆ.

ಇನ್ನೊಂದು ಸೂಕ್ಷ್ಮ. ‘ಪಂದ್ಯ ನೋಡುತ್ತಾ ಸಿಗಾರ್ ಸೇದಿದೆ’ ಅಂದರೆ ಮುಖ್ಯ ಕೆಲಸ ಸೇದುವುದು; ‘ಸಿಗಾರ್ ಸೇದುತ್ತಾ ಪಂದ್ಯ ನೋಡಿದೆ’ ಅಂದರೆ ಮುಖ್ಯ ಪಂದ್ಯ. ಕನ್ನಡದಲ್ಲಿ ತೂಕ ಕೊನೆಯ ಕ್ರಿಯಾಪದದ್ದು. ಟಿಪ್ಪಣಿ ಸಿಗಾರ್ ಕುರಿತದ್ದಾದ್ದರಿಂದ ಮೊದಲನೆಯದೇ ಸರಿ.

ಡ್ರಾ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬಾವಿಯಿಂದ ನೀರು ಸೇದುತ್ತೇವೆ, ಬೀಡಿಯನ್ನೂ ಸೇದುತ್ತೇವೆ. ಇಂಗ್ಲಿಷಿನ ಡ್ರಾ ಕೂಡ ಎರಡಕ್ಕೂ ಸಲ್ಲುತ್ತದೆ. ತೆಲುಗಿನವರು ಚುಟ್ಟ ‘ಕುಡಿಯುತ್ತಾರೆ’, ಸಂಸ್ಕೃತದ ಧೂಮಪಾನವೂ ಕುಡಿಯುವುದೇ, ಮಲಯಾಳಿಗಳು ‘ಎಳೆಯುತ್ತಾರೆ’. ನಮ್ಮ ಸೇದು ಸಿಗಾರ್‌ಗೆ ಹೇಳಿ ಮಾಡಿಸಿದ ಮಾತು, ಏಕೆಂದರೆ ಸಿಗಾರ್ ಹೊಗೆಯನ್ನು ಬಾಯಿಗೆ ತುಂಬಿಕೊಂಡು ಬಿಡುತ್ತಾರೆ, ಎದೆಗೆ ಇಳಿಸುವುದಿಲ್ಲ. (ಇಳಿಸದಿದ್ದರೂ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ತಪ್ಪುವುದಿಲ್ಲ.) ಡ್ರಾ ಟೈಟ್ ಅಂದಲ್ಲಿ ‘ಸೇದಲು ಬಿಗಿ’, ಲೂಸ್ ಅಂದಲ್ಲಿ ‘ಸೇದಲು ಸಡಿಲ’. ಸೇದಿಕೆ, ಸೆಳೆತ ಅಂತ ಹೊಸ ನಾಮಪದ ಹೊಸೆಯುವುದು ನನಗೆ ಒಪ್ಪಿಗೆಯಿಲ್ಲ. ವಸ್ತುವಿನ ಹೆಸರು ಹೊರಗಿನದಿದ್ದರೂ ನಡೆಯುತ್ತದೆ, ಕ್ರಿಯಾಪದ ನಮ್ಮದಿದ್ದರೆ ಸಾಲು ತಾನಾಗಿ ಕನ್ನಡವಾಗುತ್ತದೆ.

ಇನ್ನೊಂದು ಉತ್ತರ:

ಚುಟ್ಟದ ವಿಷಯ. ಇಂಗ್ಲಿಷಿನ ಶೆರೂಟ್ ಬಂದದ್ದು ತಮಿಳಿನ ಸುರುಟ್ಟುವಿನಿಂದ, ಅಂದರೆ ಸುರುಳಿ. ಚುಟ್ಟದ ಎರಡೂ ತುದಿ ಕತ್ತರಿಸಿ ತೆರೆದಿರುತ್ತವೆ, ನೇರ ಹಚ್ಚಿ ಸೇದಬಹುದು. ಕೈಯಲ್ಲಿ ಸುತ್ತಿದ ಸಿಗಾರ್‌ನ ಒಂದು ತುದಿ ಮುಚ್ಚಿರುತ್ತದೆ, ಕತ್ತರಿಸದೆ ಸೇದಲಾಗದು. ಟಿಪ್ಪಣಿಯಲ್ಲಿ ಕತ್ತರಿಸುವ ಮಾತು ಇದ್ದೇ ಇರುತ್ತದೆ, ಆಗ ಚುಟ್ಟ ಬಲ್ಲವರಿಗೆ ಗೊಂದಲ. ಸಿಗಾರ್ ಅಂತಲೇ ಇರಲಿ.

ತುದಿಗಳನ್ನು ಇಂಗ್ಲಿಷಿನಲ್ಲಿ ತಲೆ, ಪಾದ ಅನ್ನುತ್ತಾರೆ. ತಲೆ ಅಂದರೆ ಬಾಯಿಗಿಡುವ ಕಡೆ. ಮಾತಿಗೆ ಮಾತು ಇಟ್ಟರೆ ಕನ್ನಡದವನು ತಲೆಗೇ ಬೆಂಕಿ ಹಚ್ಚುತ್ತಾನೆ. ‘ಬಾಯಿ ಕಡೆ’, ‘ಬೆಂಕಿ ಕಡೆ’ ಅಂದುಬಿಡಿ. ಆಂಧ್ರದ ಕರಾವಳಿಯಲ್ಲಿ ಉರಿವ ತುದಿಯನ್ನೇ ಬಾಯೊಳಗಿಟ್ಟು ಚುಟ್ಟ ಸೇದುವ ರೂಢಿ ಇದೆ, ಆದರೆ ನಿಮ್ಮ ಕೆನಡಾದವರು ಹಾಗೆ ಮಾಡಲಾರರು.

ಬಾಯಿ ಕಡೆಯನ್ನು ಮುಚ್ಚಿರುವ ಎಲೆಯ ತುಂಡೇ ಕ್ಯಾಪ್, ಅದಕ್ಕೆ ‘ಟೋಪಿ’ ಸಾಕು. ‘ಟೋಪಿ ಹಾಕಿದ ಸಿಗಾರ್’ ಅಂತ ಮಾತ್ರ ಬರೆಯಬೇಡಿ, ಕೊಂಡವನಿಗೆ ಮೋಸವಾದಂತೆ ಕಾಣುತ್ತದೆ. ಕತ್ತರಿಸುವುದು ತುದಿಯಿಂದ ಒಂದೂವರೆ, ಎರಡು ಮಿಲಿಮೀಟರ್ ಅಷ್ಟೇ. ಟೋಪಿಯ ಅಂಚು ದಾಟಿದರೆ ಹೊರಗಿನ ಎಲೆ ಬಿಚ್ಚಿಕೊಳ್ಳುತ್ತದೆ. ವೀಳ್ಯದೆಲೆಯ ತುದಿ ಚಿವುಟಿದಂತೆ ಅಂತ ಒಂದು ಮಾತು ಸೇರಿಸಿದರೆ ಎಷ್ಟು ಅನ್ನುವುದು ಥಟ್ಟನೆ ಹೊಳೆಯುತ್ತದೆ.

ರ‍್ಯಾಪರ್, ಬೈಂಡರ್, ಫಿಲ್ಲರ್ ಮೂರೂ ಹೊಗೆಸೊಪ್ಪೇ. ಮಂಗಳೂರು ಕಡೆಯ ಬೀಡಿ ಕಟ್ಟುವವರಿಗೆ ಎಲೆ ಬೇರೆ, ಹೊಗೆಸೊಪ್ಪು ಬೇರೆ. ಅಲ್ಲಿ ಎಲೆ ಕಾಡಿನ ಮರದ್ದು. ಆದ್ದರಿಂದ ‘ಹೊರಸೊಪ್ಪು, ಹಿಡಿಸೊಪ್ಪು, ಒಳಸೊಪ್ಪು’ ಅಂದರೆ ಅನುಮಾನವಿರದು. ಹಿಡಿಸೊಪ್ಪು ಒಳಗಿನದನ್ನು ಹಿಡಿದಿಡುವುದು.

ಟೋಸ್ಟಿಂಗ್‌ಗೆ ‘ಬೆಂಕಿಗೆ ತೋರಿಸು’. ಬೆಂಕಿ ಕಡೆಯನ್ನು ಜ್ವಾಲೆ ತಾಗದಷ್ಟು ಮೇಲೆ ಹಿಡಿದು, ತಿರುಗಿಸುತ್ತಾ, ಅಂಚು ಸುತ್ತಲೂ ಒಂದೇ ಸಮ ಕಪ್ಪಾಗುವವರೆಗೆ. ಆಮೇಲೆ ಬಾಯಿಗಿಟ್ಟು ಸೇದುತ್ತಾ ‘ಹಚ್ಚು’. ತೋರಿಸುವುದನ್ನು ಬಿಟ್ಟು ಒಂದು ಬದಿಗೇ ಹಚ್ಚಿದರೆ ಆ ಬದಿ ಮುಂದೋಡುತ್ತದೆ. ಅವರು ಕನೂಯಿಂಗ್ ಅನ್ನುವುದು ಇದನ್ನೇ. ಕನೂ ಅಂದರೆ ದೋಣಿ; ಆ ದೋಣಿಯನ್ನು ಕನ್ನಡಕ್ಕೆ ತರಬೇಕಿಲ್ಲ, ‘ಒಂದು ಮಗ್ಗುಲಾಗಿ ಉರಿಯಿತು’ ಅನ್ನಿ. ಟನಲಿಂಗ್ ಅಂದರೆ ನಡುವೆ ಕೆಂಡ ಮುಂದೆ ಹೋಗಿ ಹೊರಸೊಪ್ಪು ಹಾಗೇ ಉಳಿಯುವುದು. ‘ಒಳಗೊಳಗೇ ಉರಿಯಿತು’, ಹೊಟ್ಟೆಕಿಚ್ಚಿಗೆ ಹೇಳುವಂತೆಯೇ. ಬರ್ನ್ ಲೈನ್‌ಗೆ ‘ಕೆಂಡದ ಗೆರೆ’.

ಸಿಗಾರ್ ಕಾಪಿಡುವ ಹ್ಯೂಮಿಡಾರ್ ಪೆಟ್ಟಿಗೆಯ ತೇವ ಶೇ 65ರಿಂದ 70. ಇಲ್ಲಿ ‘ಹದ’ ಬಿಟ್ಟು ಬೇರೆ ಪದ ಹುಡುಕಬೇಡಿ. ಪಾಕಕ್ಕೆ, ಮಣ್ಣಿಗೆ ಇರುವ ಹದವೇ ಇದಕ್ಕೂ. ಹದ ಮೀರಿ ಒಣಗಿದರೆ ಹೊರಸೊಪ್ಪು ಬಿರಿಯುತ್ತದೆ, ಬೇಗ ಉರಿದು ಹೊಗೆ ಬಿಸಿಯಾಗುತ್ತದೆ. ತೇವ ಹೆಚ್ಚಾದರೆ ಸೇದಲು ಬಿಗಿ, ಪದೇ ಪದೇ ಆರುತ್ತದೆ.

ರುಚಿಗೆ ನಮ್ಮಲ್ಲಿ ಇಂಗ್ಲಿಷಿಗಿಂತ ಚುರುಕಾದ ಮಾತುಗಳಿವೆ. ಸೊಪ್ಪು ಸರಿಯಾಗಿ ಮಾಗದಿದ್ದರೆ ನಾಲಿಗೆ ಹಿಡಿಯುವುದು ‘ಒಗರು’, ಗಂಟಲು ಕೆರೆಯುವುದು ‘ಘಾಟು’, ಕರಿಮೆಣಸಿನದು ‘ಖಾರ’. ಸ್ಟ್ರೆಂಗ್ತ್ ಮತ್ತು ಬಾಡಿ ಬೆರೆಸಬೇಡಿ. ಮೊದಲನೆಯದು ನಿಕೋಟಿನ್‌ನ ಏಟು, ಅದಕ್ಕೆ ‘ಕಡಕ್’. ಎರಡನೆಯದು ಬಾಯಲ್ಲಿ ಹೊಗೆಯ ದಟ್ಟತೆ.

ಮತ್ತೆ ಮೊದಲ ಉತ್ತರದವರು:

ಅಂಕದ ಬಗ್ಗೆ ಒಂದು ಮಾತು ಉಳಿಯಿತು. 1992ರಲ್ಲಿ ಶುರುವಾದ ಅಮೆರಿಕದ ‘ಸಿಗಾರ್ ಅಫಿಷಿಯನಾಡೊ’ ಪತ್ರಿಕೆಯ ಅಳತೆಯಲ್ಲಿ 90–94 ಅತ್ಯುತ್ತಮ, 80–89 ತುಂಬಾ ಚೆನ್ನಾಗಿದೆ, 70–79 ಸಾಧಾರಣ, ಅದಕ್ಕೂ ಕೆಳಗೆ ದುಡ್ಡು ದಂಡ. ಎಸ್ಸೆಸ್ಸೆಲ್ಸಿಯಲ್ಲಿ 35ಕ್ಕೆ ಪಾಸಾದ ನಮ್ಮ ಓದುಗನಿಗೆ 79 ಅಂದರೆ ಫಸ್ಟ್ ಕ್ಲಾಸ್! ಅಂಕ ಹಾಗೇ ಇಡಿ, ಪಕ್ಕದಲ್ಲೇ ‘ಸಾಧಾರಣ’ ಅಂತ ಬರೆಯಿರಿ.

‘ಫಸ್ಟ್ ಥರ್ಡ್’ ಕೂಡ ಜಾರುವ ಜಾಗ. ಸಿಗಾರ್ ಟಿಪ್ಪಣಿಯನ್ನು ಮೂರು ಪಾಲು ಮಾಡುತ್ತಾರೆ, ಐಸ್ ಹಾಕಿಯಲ್ಲೂ ಇಪ್ಪತ್ತು ನಿಮಿಷದ ಮೂರು ಅವಧಿ. ಎರಡಕ್ಕೂ ‘ಭಾಗ’ ಅಂದರೆ ಕಲಸಿಹೋಗುತ್ತದೆ. ಪಂದ್ಯಕ್ಕೆ ‘ಅವಧಿ’, ಸಿಗಾರ್‌ಗೆ ‘ಪಾಲು’ ಅಂತ ಹಂಚಿಕೊಳ್ಳಿ. ಎರಡೂ ಜೊತೆಗೆ ಓಡುವುದಿಲ್ಲ. ಆಟ ನಿಂತಾಗಲೆಲ್ಲ ಗಡಿಯಾರವೂ ನಿಲ್ಲುವುದರಿಂದ, ಅವಧಿಗಳ ನಡುವೆ ವಿರಾಮವೂ ಇರುವುದರಿಂದ ಪಂದ್ಯ ಸುಮಾರು ಎರಡೂವರೆ ಗಂಟೆ ಹಿಡಿಯುತ್ತದೆ. ಐದು ಇಂಚು ಉದ್ದ, 50 ರಿಂಗ್ ಗೇಜ್‌ನ (ಒಂದು ಇಂಚಿನ 64ರಲ್ಲಿ 50 ಪಾಲು ದಪ್ಪ, ಇಪ್ಪತ್ತು ಮಿಲಿಮೀಟರಿಗೆ ಕೂದಲೆಳೆ ಕಡಿಮೆ) ರೊಬುಸ್ಟೊ ಒಂದು ಗಂಟೆಯ ಹೊತ್ತಿಗೆ ಮುಗಿಯುತ್ತದೆ, ಅಂದರೆ ಎರಡನೆಯ ಅವಧಿಯ ಆಸುಪಾಸಿಗೆ. ನಿಮಿಷಕ್ಕೊಂದು ಸಲ ಸೇದುವುದು ಹದ. ಗೋಲಿನ ಬಿಸಿಯಲ್ಲಿ ಬಿಡದೆ ಸೇದಿದರೆ ಹೊಗೆ ಕಾದು ಕಹಿಯಾಗುತ್ತದೆ, ಮೈಮರೆತು ಕೂತರೆ ಆರುತ್ತದೆ. ಆ ಕಹಿಗೆ ಅಂಕ ಕಳೆದರೆ ಸಿಗಾರ್‌ಗೆ ಅನ್ಯಾಯ. ಟಿಪ್ಪಣಿಯಲ್ಲಿ ‘ಕಹಿ ಬಂತು’ ಅಂತ ಇದ್ದರೆ ಸಿಗಾರ್‌ನದೋ ಸೇದಿದವನದೋ ಅಂತ ಮೂಲ ನೋಡಿ ‘ಕಹಿಯಿತ್ತು’, ‘ಕಹಿಯಾಯಿತು’ ಎರಡರಲ್ಲಿ ಒಂದನ್ನು ಆರಿಸಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದ. ಮೊದಲ ಸಾಲು ಈಗ ಹೀಗಿದೆ: ‘ಐಸ್ ಹಾಕಿ ಪಂದ್ಯ ನೋಡುತ್ತಾ ಒಂದು ರೊಬುಸ್ಟೊ ಸೇದಿ, 88 ಅಂಕ ಕೊಟ್ಟೆ.’ ಕೊನೆಯಲ್ಲಿ ಬೆರಳು ಸುಡುವಷ್ಟು ಚಿಕ್ಕದಾಗಿ ಉಳಿದ ತುಂಡಿಗೆ ಅವರು ‘ನಬ್’ ಅಂದಿದ್ದಾರೆ. ಮೋಟುಬೀಡಿ ಇರುವಾಗ ‘ಮೋಟು ಸಿಗಾರ್’ ನಡೆಯಬಹುದಲ್ಲ?

ಉತ್ತರ:

ನಡೆಯುತ್ತದೆ. ಮೋಟುಬೀಡಿ ಬಡತನ ನೆನಪಿಸುತ್ತದೆ, ಇಲ್ಲಿ ಹಾಗಲ್ಲ. ಚೆನ್ನಾಗಿದ್ದುದರಿಂದ ಮೋಟಿನವರೆಗೂ ಸೇದಿದ್ದು. ‘ಮೋಟಾಗುವವರೆಗೂ ಬಿಡಲಿಲ್ಲ’ ಅಂತ ಬರೆದುಬಿಡಿ.