ಉಪ್ಪು-ಸಿಹಿ ಜೀರಿಗೆ ಬಿಸ್ಕತ್ತು: ಹರಡಿಕೊಳ್ತದೆ, ನಡು ಮೆತ್ತಗೆ, ಉಪ್ಪು ಒಂದೊಂದು ಕಡೆ ಮಾತ್ರ

ಕುಡ್ಲದ ಅಡುಗೆಮನೆ:
ಎಲ್ಲರಿಗೂ ನಮಸ್ಕಾರ. ನಾವು ಮಂಗಳೂರಿನವರು. ಕ್ರಿಸ್ಮಸ್ಸಿಗೆ ಕುಸ್ವಾರ್ ಅಂತ ಕಿಡಿಯೊ, ನೆವ್ರಿ, ತುಕ್ಡಿ, ಚಕ್ಕುಲಿ ಪ್ರತಿ ವರ್ಷ ಆಗ್ತದೆ. ಹೆಚ್ಚಿನದೆಲ್ಲ ಎಣ್ಣೆಯಲ್ಲಿ ಕರಿದದ್ದೇ. ಈ ಸಲ ತಟ್ಟೆಯಲ್ಲಿ ಬೇಕ್ ಮಾಡಿದ್ದೂ ಒಂದಿರಲಿ ಅಂತ ಬೇಕರಿಯಲ್ಲಿ ಸಿಗ್ತದಲ್ಲ, ಕಚ್ಚಿದ ಕೂಡಲೆ ಉಪ್ಪು, ಆಮೇಲೆ ಸಿಹಿ, ನಡುವೆ ಜೀರಿಗೆ, ಆ ಬಿಸ್ಕತ್ತು ಮಾಡ್ಲಿಕ್ಕೆ ಹೊರಟಿದ್ದೇನೆ.

ನನ್ನ ಅಳತೆ: ಮೈದಾ 200 ಗ್ರಾಂ, ಮನೆಯಲ್ಲೇ ಕಡೆದ ಬೆಣ್ಣೆ 120 ಗ್ರಾಂ, ಸಕ್ಕರೆ 70 ಗ್ರಾಂ, ಜಜ್ಜಿದ ಕಲ್ಲುಪ್ಪು ಒಂದು ಟೀ ಚಮಚ, ಹುರಿದ ಜೀರಿಗೆ ಒಂದೂವರೆ ಚಮಚ, ಅಡುಗೆ ಸೋಡಾ ಅರ್ಧ ಚಮಚ. ಓಟಿಜಿ (ಸಣ್ಣ ಕರೆಂಟ್ ಓವನ್) 180 ಡಿಗ್ರಿ, 15 ನಿಮಿಷ.

ಆಗುವುದು ಹೀಗೆ: ದುಂಡಗೆ ಇಟ್ಟದ್ದು ಹರಡಿ ಒಂದಕ್ಕೊಂದು ಅಂಟಿಕೊಳ್ತದೆ. ತಳ ಕಪ್ಪು, ನಡು ಮೆತ್ತಗೆ. ಒಂದು ತುಂಡು ಬರೀ ಸಪ್ಪೆ, ಇನ್ನೊಂದು ಬಾಯಿಗಿಡ್ಲಿಕ್ಕೆ ಆಗದಷ್ಟು ಉಪ್ಪು. ಮೈದಾ ಜಾಸ್ತಿ ಹಾಕಿ ನೋಡಿದೆ, ಕಲ್ಲಿನ ಹಾಗೆ ಆಯ್ತು.

ಜಯನಗರ ಬೇಕರ್:
ಬೆಣ್ಣೆ ಬಿಟ್ಟು ಡಾಲ್ಡಾ ಹಾಕಿ ಮೇಡಂ. ಬೇಕರಿಗಳಲ್ಲಿ ಅದನ್ನೇ ಹಾಕೋದು, ಅಷ್ಟು ಬೇಗ ಕರಗಲ್ಲ, ಆಕಾರ ನಿಲ್ಲುತ್ತೆ. ಈಗ ಟ್ರಾನ್ಸ್ ಫ್ಯಾಟ್ (ಹೃದಯಕ್ಕೆ ಕೆಟ್ಟದ್ದು ಅನ್ನೋ ಜಿಡ್ಡು) ಶೇಕಡಾ 2 ದಾಟೋ ಹಾಗಿಲ್ಲ ಅಂತ 2022ರಿಂದ ನಿಯಮ ಇದೆ, ಮೊದಲಿನಷ್ಟು ಹೆದರಬೇಕಾಗಿಲ್ಲ.

ಹಾಸನದ ಒಲೆ:
ಡಾಲ್ಡಾದಲ್ಲಿ ಆಕಾರ ನಿಲ್ಲುತ್ತೆ, ಒಪ್ಪಿದೆ. ಆದರೆ ಹಬ್ಬಕ್ಕೆ ಅಂತ ಮನೇಲಿ ಮಾಡೋವಾಗ ಬೆಣ್ಣೆ ಘಮ ಬಿಟ್ಟರೆ ಉಳಿಯೋದೇನು? ಕುಡ್ಲದ ಅಕ್ಕ, ನಿಮ್ಮ ಅಳತೆಯಲ್ಲಿ ದೊಡ್ಡ ತಪ್ಪಿಲ್ಲ. ಮನೆ ಬೆಣ್ಣೆ ಅಂದಿರಲ್ಲ, ನನಗೆ ಅನುಮಾನ ಅಲ್ಲೇ.

ಅಂಗಡಿಯ ಟೇಬಲ್ ಬಟರಲ್ಲಿ ಕಡಿಮೆ ಅಂದ್ರೂ ಶೇಕಡಾ 80 ಜಿಡ್ಡು ಇರಲೇಬೇಕು ಅಂತ ಕಾನೂನಿದೆ. ಕಡೆದ ಬೆಣ್ಣೆಗೆ ಅಂಥ ಲೆಕ್ಕ ಇಲ್ಲ, ಒಳಗೆ ಮಜ್ಜಿಗೆ ಎಷ್ಟು ಉಳಿದಿದೆಯೋ ಕಣ್ಣಿಗೆ ಕಾಣಲ್ಲ. ಆ ನೀರಲ್ಲಿ ಸಕ್ಕರೆ ಕರಗಿ ಪಾಕ ಆಗುತ್ತೆ, ಹಿಟ್ಟು ಸಡಿಲ ಆಗಿ ಹರಡುತ್ತೆ. ಸಡಿಲ ಆಯ್ತು ಅಂತ ಮೈದಾ ಸೇರಿಸಿ ನಾದಿದ್ರಿ ಅನ್ಸುತ್ತೆ. ಮೈದಾ, ನೀರು, ನಾದೋದು ಮೂರೂ ಸೇರಿದ್ರೆ ಚಪಾತಿ ಹಿಟ್ಟಿನ ಜಿಗುಟು ಬರುತ್ತೆ, ಅದು ಬೆಂದರೆ ಕಲ್ಲೇ.

ಒಂದು ಪರೀಕ್ಷೆ ಮಾಡಿ. ಅದೇ ಬೆಣ್ಣೆ 100 ಗ್ರಾಂ ತೂಗಿ, ಸಣ್ಣ ಉರಿಯಲ್ಲಿ ಕಾಯಿಸಿ ತುಪ್ಪ ಮಾಡಿ, ಸೋಸಿ ಮತ್ತೆ ತೂಗಿ. 80ರ ಹತ್ತಿರ ಬಂದ್ರೆ ನಾನು ಹೇಳಿದ್ದೆಲ್ಲ ಬಿಟ್ಟುಬಿಡಿ. ಕಡಿಮೆ ಬಂದ್ರೆ ಇಲ್ಲಿ ಬರೆಯಿರಿ.

ಎರಡನೇದು ಸೋಡಾ. ಹುಳಿ ಬೆಣ್ಣೆಗೆ ಒಂದು ಚಿಟಿಕೆ ಸಾಕು, ಅರ್ಧ ಚಮಚ ಈ ಅಳತೆಗೆ ಜಾಸ್ತಿ. ಹೆಚ್ಚಾದ ಸೋಡಾ ಬಿಸ್ಕತ್ತನ್ನ ಇನ್ನಷ್ಟು ಹರಡಿಸುತ್ತೆ, ಬೇಗ ಕಂದು ಬಣ್ಣಾನೂ ತರುತ್ತೆ. ನಿಮ್ಮ ತಳ ಕಪ್ಪಾಗೋದರಲ್ಲಿ ಅದರದ್ದೂ ಪಾಲಿದೆ.

ಜಯನಗರ ಬೇಕರ್:
ಹಾಸನದವರೇ, ಬೇಕರಿಗಳಲ್ಲಿ ಸೋಡಾ ಬದಲು ಬೇಕರಿ ಅಮೋನಿಯಾ (ಅಮೋನಿಯಂ ಬೈಕಾರ್ಬನೇಟ್ ಪುಡಿ) ಹಾಕ್ತಾರಲ್ವಾ? ಅದನ್ನೇ ಹೇಳಬಹುದಿತ್ತು.

ಹಾಸನದ ಒಲೆ:
ಹಾಕ್ತಾರೆ, ತೆಳು ಬಿಸ್ಕತ್ತಿಗೆ ಒಳ್ಳೇದೇ. ಬೇಯೋವಾಗ ಪೂರ್ತಿ ಗಾಳಿಯಾಗಿ ಹೋಗುತ್ತೆ, ಏನೂ ಉಳಿಯಲ್ಲ, ಗರಿಗರಿ ಬರುತ್ತೆ. ಆದರೆ ದಪ್ಪ ಇಟ್ಟರೆ ವಾಸನೆ ಒಳಗೇ ಸಿಕ್ಕಿಕೊಳ್ಳುತ್ತೆ, ಓಟಿಜಿ ಬಾಗಿಲು ತೆಗೆದರೆ ಅಡುಗೆಮನೆ ತುಂಬ ಕಣ್ಣುರಿ. ಹಸಿ ಹಿಟ್ಟು ರುಚಿ ನೋಡೋ ಹಾಗೂ ಇಲ್ಲ. ಮೊದಲ ಸಲ ಮಾಡೋರಿಗೆ ಬೇಕಿಂಗ್ ಪೌಡರ್ ಸಾಕು.

ಕುಡ್ಲದ ಅಡುಗೆಮನೆ:
ತೂಗಿ ನೋಡಿದೆ ಮಾರಾಯ್ರೆ, 68 ಗ್ರಾಂ! ಹಾಗಾದ್ರೆ 120 ಗ್ರಾಂ ಬೆಣ್ಣೆ ಹಾಕಿದ್ರಲ್ಲಿ ಜಿಡ್ಡು 80ರ ಆಸುಪಾಸು, ಉಳಿದದ್ದು ಹೆಚ್ಚಾಗಿ ನೀರೇ. ಈಗ ಏನು ಮಾಡುವುದು? ಬೆಣ್ಣೆ ಒಂದು ಡಬ್ಬಿ ತುಂಬ ಇದೆ.

ಹಾಸನದ ಒಲೆ:
ಎರಡು ದಾರಿ. ಒಂದು, ಬೆಣ್ಣೆಯನ್ನ ಐಸ್ ನೀರಲ್ಲಿ ತೊಳೆದು, ನೀರು ತಿಳಿಯಾಗೋವರೆಗೂ ಹಿಸುಕಿ, ಬಟ್ಟೇಲಿ ಕಟ್ಟಿ ಫ್ರಿಜ್ಜಲ್ಲಿ ಇಡೋದು. ಆಗುತ್ತೆ, ಆದರೆ ಪ್ರತಿ ಸಲ ಒಂದೇ ಥರ ಬರಲ್ಲ.

ನಾನಾಗಿದ್ರೆ ಎರಡನೇದು ಮಾಡ್ತೀನಿ. ಪೂರ್ತಿ ತುಪ್ಪ ಮಾಡಿ. ಕರಗಿದ ತುಪ್ಪ ಹಾಕಬೇಡಿ, ಮರಳು ಮರಳಾಗಿ ಹೆಪ್ಪುಗಟ್ಟಿದ್ದನ್ನ 95 ಗ್ರಾಂ ತಗೊಳ್ಳಿ. ಮಂಗಳೂರಿನ ಸೆಕೆಗೆ ಅದು ಹೆಪ್ಪುಗಟ್ಟಲ್ಲ, ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು ತೆಗೀರಿ. 60 ಗ್ರಾಂ ಪುಡಿ ಸಕ್ಕರೆ ಸೇರಿಸಿ ಕೈಯಲ್ಲೇ ಬಿಳಿ ಬರೋವರೆಗೆ ತಿಕ್ಕಿ. ಹರಳು ಸಕ್ಕರೆ ಬೇಡ, ಬೇಯೋವಾಗ ಕರಗಿ ಮತ್ತೆ ಹರಡಿಸುತ್ತೆ.

ಈಗ ಉಪ್ಪು. ಉಪ್ಪು ಜಿಡ್ಡಲ್ಲಿ ಕರಗಲ್ಲ. ಬೆಣ್ಣೆ ಹಿಟ್ಟಿಗೆ ಜಜ್ಜಿದ ಕಲ್ಲುಪ್ಪು ಹಾಕಿದ್ರೆ ಬಿದ್ದ ಕಡೆ ಬಿದ್ದ ಹಾಗೇ ಇರುತ್ತೆ. ಪುಡಿ ಉಪ್ಪು 4 ಗ್ರಾಂ, ಅಂದ್ರೆ ಮುಕ್ಕಾಲು ಟೀ ಚಮಚಕ್ಕೆ ಒಂಚೂರು ಕಡಿಮೆ, ಒಂದೂವರೆ ದೊಡ್ಡ ಚಮಚ ಹಾಲಲ್ಲಿ ಪೂರ್ತಿ ಕದಡಿ. ತಳದಲ್ಲಿ ಕಣ ಉಳಿದ್ರೆ ಇನ್ನೂ ಕದಡಿ. ಮೈದಾ, ಅರ್ಧ ಚಮಚ ಬೇಕಿಂಗ್ ಪೌಡರ್, ಜೀರಿಗೆ ತುಪ್ಪಕ್ಕೆ ಸೇರಿಸಿ, ಕೊನೇಲಿ ಈ ಹಾಲು ಚಿಮುಕಿಸಿ ಬರೀ ಒಟ್ಟುಗೂಡಿಸಿ. ನಾದಬೇಡಿ. ಮುಷ್ಟಿಯಲ್ಲಿ ಹಿಡಿದ್ರೆ ಉಂಡೆ ನಿಲ್ಲಬೇಕು, ಹೆಬ್ಬೆರಳಲ್ಲಿ ಒತ್ತಿದ್ರೆ ಅಂಚು ಸ್ವಲ್ಪ ಬಿರಿಯಬೇಕು. ಒಂಚೂರೂ ಬಿರಿಯದೆ ನುಣ್ಣಗೆ ಒಳಗೆ ಹೋದರೆ ಇನ್ನೂ ನೀರು ಜಾಸ್ತಿ ಅಂತ. ಬೆರಳಿನ ದಪ್ಪ ಲಟ್ಟಿಸಿ, ಕತ್ತರಿಸಿ, 20 ನಿಮಿಷ ಫ್ರಿಜ್ಜಿಗೆ.

ಉಡುಪಿಯಿಂದ ದುಬೈಗೆ:
ನಡುವೆ ಬಂದೆ, ಕ್ಷಮಿಸಿ. ಓಟಿಜಿ ಬಗ್ಗೆ ಯಾರೂ ಕೇಳ್ಲೇ ಇಲ್ಲವಲ್ಲ. ಅಕ್ಕ, ಎರಡೂ ರಾಡ್ ಉರೀತದಾ, ಕೆಳಗಿನದ್ದು ಮಾತ್ರವಾ? ಟ್ರೇ ಯಾವ ಮೆಟ್ಟಿಲಲ್ಲಿ? ಓಟಿಜಿಯೊಟ್ಟಿಗೆ ಬಂದ ಕಪ್ಪು ಟ್ರೇಯಾ?

ಕುಡ್ಲದ ಅಡುಗೆಮನೆ:
ಕೆಳಗಿನದ್ದು ಮಾತ್ರ ಹಾಕಿದ್ದೆ. ಕೇಕಿಗೆ ಹಾಗೇ ಮಾಡುವುದು. ಕಪ್ಪು ಟ್ರೇ, ಎಲ್ಲಕ್ಕಿಂತ ಕೆಳಗೆ. ಮೊದಲ ಟ್ರೇ ತೆಗೆದ ಕೂಡಲೆ ಅದರ ಮೇಲೇ ಎರಡನೇದ್ದು ಜೋಡಿಸಿದೆ.

ಉಡುಪಿಯಿಂದ ದುಬೈಗೆ:
ಅದೇ ಮತ್ತೆ! ಬಿಸಿ ಟ್ರೇ ಮೇಲೆ ಇಟ್ಟರೆ ಒಳಗೆ ಹೋಗುವ ಮೊದಲೇ ತುಪ್ಪ ಕರಗಿ ಹರೀತದೆ. ನಲ್ಲಿ ಕೆಳಗೆ ಹಿಡಿದು ತಣ್ಣಗೆ ಮಾಡಿ, ಒರೆಸಿ ಜೋಡಿಸಿ. ಕಪ್ಪು ಟ್ರೇ ಶಾಖ ಜಾಸ್ತಿ ಹಿಡೀತದೆ, ಸಾದಾ ಅಲ್ಯೂಮಿನಿಯಂ ತಟ್ಟೆ ಇದ್ದರೆ ಅದೇ ಒಳ್ಳೆಯದು. ಎರಡೂ ರಾಡ್, ನಡು ಮೆಟ್ಟಿಲು, 160 ಡಿಗ್ರಿ, 18ರಿಂದ 20 ನಿಮಿಷ. ಓಟಿಜಿಯ ನಾಬ್ 180 ತೋರಿಸಿದ್ರೂ ಒಳಗೆ 200 ಇರುವುದುಂಟು, ಒಳಗಿಡುವ ಥರ್ಮಾಮೀಟರ್ ಒಂದು ತಗೊಳ್ಳಿ. ಮತ್ತೆ, ಮೊದಲು ಒಂದೇ ಬಿಸ್ಕತ್ತು ಬೇಯಿಸಿ ನೋಡಿ. ಹರಡಿದ್ರೆ ಉಳಿದ ಹಿಟ್ಟಿಗೆ ಎರಡು ಚಮಚ ಮೈದಾ ಸೇರಿಸ್ಲಿಕ್ಕೆ ಆಗ್ತದೆ, ಪೂರ್ತಿ ಟ್ರೇ ಹಾಳಾಗುವುದಿಲ್ಲ.

ಬಿಸಿ ಇರುವಾಗ ನಡು ಮೆತ್ತಗೆ ಇದ್ದೇ ಇರ್ತದೆ, ಗಾಬರಿ ಬೇಡ. ಅಂಚು ಹೊಂಬಣ್ಣ ಬಂದರೆ ತೆಗೆಯಿರಿ. ಪೂರ್ತಿ ತಣ್ಣಗಾದ ಮೇಲೂ ಮೆತ್ತಗಿದ್ರೆ 120ರಲ್ಲಿ ಇನ್ನೊಂದು 10 ನಿಮಿಷ ಒಣಗಿಸಿ.

ಕುಡ್ಲದ ಅಡುಗೆಮನೆ:
ಆಯ್ತು! ಅಂಚು ನೇರ ನಿಂತಿದೆ, ಮುರಿದರೆ ಪುಡಿ ಉದುರ್ತದೆ, ಉಪ್ಪು ಎಲ್ಲ ಕಡೆ ಒಂದೇ ಸಮ. ನಮ್ಮ ಅತ್ತೆ ಚಹಾಕ್ಕೆ ಅದ್ದಿ ತಿಂದು ಏನೂ ಹೇಳ್ಲಿಲ್ಲ, ಮತ್ತೆರಡು ತಗೊಂಡ್ರು. ಇನ್ನೊಂದು ಪ್ರಶ್ನೆ: ಮೇಲಿಂದ ನಾಲ್ಕು ಹರಳು ಕಲ್ಲುಪ್ಪು ಒತ್ತಿದ್ರೆ ಚಂದ ಕಾಣ್ತದೆ. ಕುಸ್ವಾರ್ ಡಬ್ಬಿಯಲ್ಲಿ ಹೊಸ ವರ್ಷದವರೆಗೆ ಇರ್ತದಾ?

ಹಾಸನದ ಒಲೆ:
ನಮ್ಮ ಕಡೆ ಇರುತ್ತೆ, ನಿಮ್ಮ ಕಡೆ ಅನುಮಾನ. ಗಾಳಿಯ ತೇವ ಶೇಕಡಾ 75 ದಾಟಿದ್ರೆ ಉಪ್ಪು ತಾನೇ ನೀರು ಹೀರಿ ಒದ್ದೆ ಆಗುತ್ತೆ. ಕಲ್ಲುಪ್ಪಲ್ಲಿ ಮೆಗ್ನೀಷಿಯಂ ಇರೋದರಿಂದ ಅದಕ್ಕಿಂತ ಮೊದಲೇ. ಆ ನೀರು ಇಳಿಯೋದು ಬಿಸ್ಕತ್ತಿಗೆ. ಅದೇ ದಿನ ತಿನ್ನೋದಕ್ಕೆ ಒತ್ತಿ, ಡಬ್ಬಿಗೆ ಹಾಕೋದಕ್ಕೆ ಬೇಡ. ಮೇಲೆ ಏನಾದ್ರೂ ಬೇಕೇ ಬೇಕು ಅಂದ್ರೆ ಜೀರಿಗೆ ಒತ್ತಿ.

ಕುಡ್ಲದ ಅಡುಗೆಮನೆ:
ಚಕ್ಕುಲಿ ಡಬ್ಬಿಯಲ್ಲೇ ಹಾಕ್ಲಾ? ಡಬ್ಬಿ ಕಡಿಮೆ ಬಿದ್ದಿದೆ.

ಹಾಸನದ ಒಲೆ:
ಎರಡೂ ಒಣ, ಗರಿ ಕೆಡಲ್ಲ. ಆದರೆ ಚಕ್ಕುಲಿಗೆ ಇಂಗು ಹಾಕಿದ್ರೆ ಬಿಸ್ಕತ್ತೂ ಇಂಗೇ ನಾರುತ್ತೆ. ನೆವ್ರಿ ಜೊತೆ ಅಂತೂ ಬೇಡ, ಹೂರಣದ ಕಾಯಿ ತೇವ ಬಿಡುತ್ತೆ. ಜಾಗ ಇಲ್ಲದಿದ್ರೆ ಜಿಪ್ ಕವರಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಕವರ್ ಸಮೇತ ಚಕ್ಕುಲಿ ಡಬ್ಬಿಗೆ ಇಳಿಸಿ.