ಗಾಂಜಾ ಕೇಸು: ಹಿಡಿಯೋದು ಯಾರನ್ನ, ಖರ್ಚು ಯಾರಿಗೆ? (ವಕೀಲರನ್ನು ಕೇಳಿ)

ಈ ವಾರ ಉತ್ತರ ಕೊಡುತ್ತಿರುವವರು ನ್ಯೂಯಾರ್ಕ್‌ನಲ್ಲಿ ಕ್ರಿಮಿನಲ್ ಡಿಫೆನ್ಸ್ ವಕೀಲೆಯಾಗಿರುವ ನಮ್ಮ ಗುಂಪಿನ ಸದಸ್ಯೆ. ಹಲವು ವರ್ಷ ಪಬ್ಲಿಕ್ ಡಿಫೆಂಡರ್ ಆಗಿದ್ದವರು, ಅಂದರೆ ವಕೀಲರಿಗೆ ದುಡ್ಡು ಕೊಡಲಾಗದವರ ಪರ ಸರ್ಕಾರದ ಸಂಬಳದಲ್ಲಿ ವಾದಿಸಿದವರು. ಅಮೆರಿಕದಲ್ಲಿ ಮರಿಜುವಾನಾ, ಅಂದರೆ ಗಾಂಜಾ ಕೇಸುಗಳ ಬಗ್ಗೆ ಸದಸ್ಯರು ಕೇಳಿದ ಪ್ರಶ್ನೆಗಳು, ಅವರ ಉತ್ತರಗಳು ಇಲ್ಲಿವೆ.

ಪ್ರಶ್ನೆ: ಮೇಡಂ, ನಮಸ್ಕಾರ. ಪೊಲೀಸರು ಬಣ್ಣ ನೋಡಿ ಹಿಡಿಯುತ್ತಾರೆ ಅಂತ ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಹೆಚ್ಚು ಸೇದುವವರು ಹೆಚ್ಚು ಸಿಕ್ಕಿಬೀಳುತ್ತಾರೆ, ಇಷ್ಟೇ ಸಂಗತಿ ಇರಬಹುದಲ್ವಾ? ಇಪ್ಪತ್ತು ವರ್ಷದಿಂದ ಈ ದೇಶದಲ್ಲಿದ್ದೀನಿ, ನನ್ನನ್ನಂತೂ ಯಾರೂ ತಡೆದು ಜೇಬು ನೋಡಿಲ್ಲ.

ಉತ್ತರ: ನಮಸ್ಕಾರ ಸರ್. ನಿಮ್ಮ ಕೊನೆಯ ಮಾತಿನಲ್ಲೇ ಅರ್ಧ ಉತ್ತರ ಇದೆ. ನಿಮ್ಮ ಬಡಾವಣೆಯಲ್ಲಿ ಯಾರೂ ಸೇದುವುದಿಲ್ಲ ಅಂತೀರಾ? ಸೇದುತ್ತಾರೆ. ಗ್ಯಾರೇಜಿನಲ್ಲಿ, ಹಿತ್ತಿಲಲ್ಲಿ, ಬಾಗಿಲು ಹಾಕಿಕೊಂಡು. ಅಲ್ಲಿ ಯಾರೂ ಹುಡುಕುವುದಿಲ್ಲ, ಅದಕ್ಕೇ ಸಿಗುವುದಿಲ್ಲ.

ಅಂಕಿಅಂಶ ನೋಡಿ. ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು 2013ರಲ್ಲಿ ಸರ್ಕಾರದ್ದೇ ಲೆಕ್ಕಗಳನ್ನು ಒಟ್ಟುಮಾಡಿ ಒಂದು ವರದಿ ತಂದಿತು. 2001ರಿಂದ 2010ರವರೆಗೆ ದೇಶದಲ್ಲಿ 80 ಲಕ್ಷಕ್ಕೂ ಹೆಚ್ಚು ಗಾಂಜಾ ಬಂಧನಗಳಾಗಿದ್ದವು. ಅದರಲ್ಲಿ ಶೇ 88ರಷ್ಟು ಬರೀ ಇಟ್ಟುಕೊಂಡಿದ್ದಕ್ಕೆ, ಮಾರಿದ್ದಕ್ಕಲ್ಲ. 2010ರಲ್ಲಿ, ಹಿಂದಿನ ಒಂದು ವರ್ಷದಲ್ಲಿ ಗಾಂಜಾ ಬಳಸಿದ್ದೇವೆ ಅಂದ ಕಪ್ಪು ಜನರು ಶೇ 14, ಬಿಳಿಯರು ಶೇ 12. ಹೆಚ್ಚುಕಮ್ಮಿ ಸಮ. ಬಂಧನದ ಲೆಕ್ಕಕ್ಕೆ ಬಂದರೆ ಕಪ್ಪು ವ್ಯಕ್ತಿ ಸಿಕ್ಕಿಬೀಳುವ ಸಾಧ್ಯತೆ ಬಿಳಿಯನಿಗಿಂತ 3.73 ಪಟ್ಟು. ಸೇದುವುದರಲ್ಲಿ ಇಲ್ಲದ ಅಂತರ ಕೈಕೋಳದಲ್ಲಿ ಹೇಗೆ ಬಂತು?

ನಾನು ಕಣ್ಣಾರೆ ಕಂಡ ನ್ಯೂಯಾರ್ಕ್ ವಿಷಯವನ್ನೇ ಹೇಳುತ್ತೇನೆ. ಇಲ್ಲಿ 1977ರಲ್ಲೇ ಕಾನೂನು ಸಡಿಲ ಆಗಿತ್ತು. 25 ಗ್ರಾಂ ಒಳಗೆ ಜೇಬಿನಲ್ಲಿದ್ದರೆ ಮೊದಲ ಸಲಕ್ಕೆ ಬರೀ ದಂಡ, ಅರೆಸ್ಟ್ ಮಾಡುವ ಅಪರಾಧವಲ್ಲ. ಆದರೆ ಅದೇ ಗಾಂಜಾ ಸಾರ್ವಜನಿಕ ಜಾಗದಲ್ಲಿ ಎಲ್ಲರಿಗೂ ಕಾಣುವಂತಿದ್ದರೆ ಕ್ರಿಮಿನಲ್ ಕೇಸು. ಹೀಗಿದ್ದೂ 2011ರಲ್ಲಿ ನ್ಯೂಯಾರ್ಕ್ ನಗರ ಒಂದರಲ್ಲೇ ಇಂಥ 50,000ಕ್ಕೂ ಹೆಚ್ಚು ಬಂಧನ. ಅಷ್ಟೊಂದು ಜನ ಪೊಲೀಸರ ಎದುರೇ ಕೈಯಲ್ಲಿ ಹಿಡಿದು ತೋರಿಸುತ್ತಿದ್ದರಾ?

ಆಗುತ್ತಿದ್ದದ್ದು ಇದು. ಹುಡುಗ ಮನೆಗೆ ಹೋಗುತ್ತಿರುತ್ತಾನೆ. ಪೊಲೀಸರು ತಡೆದು ‘ಜೇಬಿನಲ್ಲಿರೋದನ್ನೆಲ್ಲ ತೆಗಿ’ ಅನ್ನುತ್ತಾರೆ. ಹೆದರಿ ತೆಗೆಯುತ್ತಾನೆ. ಪ್ಲಾಸ್ಟಿಕ್ ಪೊಟ್ಟಣ ಅಂಗೈಗೆ ಬಂದ ಕ್ಷಣಕ್ಕೆ ಅದು ‘ಸಾರ್ವಜನಿಕರಿಗೆ ಕಾಣುವಂತಿದ್ದ’ ಗಾಂಜಾ ಆಯಿತು! ಜೇಬಿನಲ್ಲಿದ್ದರೆ ದಂಡ, ಅವರು ಹೇಳಿದ ಹಾಗೆ ಕೇಳಿದ್ದಕ್ಕೆ ಅರೆಸ್ಟ್. ಚಾರ್ಜಿನಲ್ಲಿ ಒಂದೇ ಸಾಲು ಇರುತ್ತಿತ್ತು: ಆರೋಪಿಯ ಕೈಯಲ್ಲಿ ಗಾಂಜಾ ಬಹಿರಂಗವಾಗಿ ಕಂಡಿತು. ಆ ಕೈಗೆ ಅದು ಹೇಗೆ ಬಂತು ಅನ್ನುವುದು ಬರೆದಿರುತ್ತಿರಲಿಲ್ಲ. ಕೊನೆಗೆ 2011ರ ಸೆಪ್ಟೆಂಬರ್‌ನಲ್ಲಿ ಆಗಿನ ಕಮಿಷನರ್ ರೇ ಕೆಲ್ಲಿ ಅವರೇ ಆದೇಶ ಹೊರಡಿಸಬೇಕಾಯಿತು, ಪೊಲೀಸರೇ ತೆಗೆಸಿದ್ದನ್ನು ಬಹಿರಂಗ ಪ್ರದರ್ಶನ ಅನ್ನಬೇಡಿ ಅಂತ.

2013ರ ಆಗಸ್ಟ್‌ನಲ್ಲಿ ಫೆಡರಲ್ (ಕೇಂದ್ರ ಸರ್ಕಾರದ ಕೋರ್ಟಿನ) ಜಡ್ಜ್ ಶಿರಾ ಶೈಂಡ್ಲಿನ್ ಈ ತಡೆದು ತಡಕುವ ಪದ್ಧತಿ ನಡೆದ ರೀತಿ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟರು. 2004ರಿಂದ 2012ರ ನಡುವಿನ 44 ಲಕ್ಷ ತಡೆಗಳ ದಾಖಲೆ ಅವರ ಮುಂದಿತ್ತು. ತಡೆಯಲ್ಪಟ್ಟವರಲ್ಲಿ ಶೇ 80ಕ್ಕಿಂತ ಹೆಚ್ಚು ಜನ ಕಪ್ಪು ಅಥವಾ ಲ್ಯಾಟಿನೋ (ಲ್ಯಾಟಿನ್ ಅಮೆರಿಕ ಮೂಲದವರು). ಮೈ ತಡವಿ ನೋಡಿದಾಗ ಆಯುಧ ಸಿಕ್ಕಿದ್ದು ನೂರಕ್ಕೆ ಒಂದೂವರೆ ಸಲ. ಆಯುಧ ಸಿಗದಿದ್ದರೂ ಜೇಬಿನಲ್ಲಿ ಸಣ್ಣ ಪೊಟ್ಟಣ ಸಿಗುತ್ತಿತ್ತು, ಹಾಗೆ ಕೇಸು ಹುಟ್ಟುತ್ತಿತ್ತು.

ಪ್ರಶ್ನೆ: ಮೇಡಂ, ಖರ್ಚಿನ ಬಗ್ಗೆ ಹೇಳಿ. ಸಣ್ಣ ಕೇಸು ತಾನೇ? ಒಂದು ಪೊಟ್ಟಣಕ್ಕೆ ಸರ್ಕಾರಕ್ಕೆ ಎಂಥ ಮಹಾ ಖರ್ಚು?

ಉತ್ತರ: ಮೊದಲು ಹೇಳಿದ ಎಸಿಎಲ್‌ಯು ವರದಿಯ ಅಂದಾಜಿನ ಪ್ರಕಾರ, ಬರೀ ಇಟ್ಟುಕೊಂಡ ಕೇಸುಗಳಿಗೆ 2010 ಒಂದೇ ವರ್ಷದಲ್ಲಿ ರಾಜ್ಯಗಳು ಮಾಡಿದ ಖರ್ಚು 360 ಕೋಟಿ ಡಾಲರ್‌ಗೂ ಹೆಚ್ಚು. ಅದು ಅಂದಾಜು, ಕಮ್ಮಿ ಅನ್ನುವವರೂ ಜಾಸ್ತಿ ಅನ್ನುವವರೂ ಇದ್ದಾರೆ. ನನಗೆ ಅದಕ್ಕಿಂತ ಕಣ್ಣಿಗೆ ಹೊಡೆಯುವುದು ಎಫ್‌ಬಿಐ ಲೆಕ್ಕ. 2019ರಲ್ಲಿ ದೇಶದಾದ್ಯಂತ ಗಾಂಜಾ ಬಂಧನ ಸುಮಾರು 5,45,000. ಕೊಲೆ, ಅತ್ಯಾಚಾರ, ದರೋಡೆ, ಗಂಭೀರ ಹಲ್ಲೆ ಎಲ್ಲ ಸೇರಿಸಿದರೂ ಆ ವರ್ಷದ ಬಂಧನ 5 ಲಕ್ಷ ಮುಟ್ಟಲಿಲ್ಲ. ಪೊಲೀಸರ ಹೊತ್ತು ಎಲ್ಲಿಗೆ ಹೋಯಿತು ನೀವೇ ಲೆಕ್ಕ ಹಾಕಿ. ಒಂದು ಅರೆಸ್ಟ್ ಅಂದರೆ ಗಸ್ತಿನಲ್ಲಿದ್ದ ಪೊಲೀಸರು ರಸ್ತೆ ಬಿಟ್ಟು ಬೆರಳಚ್ಚು, ಫೋಟೋ, ಕಾಗದಪತ್ರ ಅಂತ ಠಾಣೆಯಲ್ಲಿ ಕೂರಬೇಕು. ಓವರ್‌ಟೈಮ್ ಬೇರೆ.

ಲ್ಯಾಬ್ ಖರ್ಚನ್ನು ಜನ ಮರೆಯುತ್ತಾರೆ. 2019ರಲ್ಲಿ ಟೆಕ್ಸಸ್ ರಾಜ್ಯ ಹೆಂಪ್ ಬೆಳೆಗೆ ಅನುಮತಿ ಕೊಟ್ಟಿತು. ಹೆಂಪ್ ಕೂಡ ಅದೇ ಗಿಡ, ಅದರಲ್ಲಿ ಅಮಲೇರಿಸುವ ಟಿಎಚ್‌ಸಿ ಅಂಶ ಶೇ 0.3ರ ಒಳಗಿದ್ದರೆ ಕಾನೂನುಬದ್ಧ. ಆದರೆ ಅಲ್ಲಿನ ಲ್ಯಾಬ್‌ಗಳು ಅಲ್ಲಿಯವರೆಗೆ ಇದು ಗಾಂಜಾ ಹೌದೋ ಅಲ್ಲವೋ ಅಂತ ಮಾತ್ರ ಹೇಳುತ್ತಿದ್ದವು, ಟಿಎಚ್‌ಸಿ ಎಷ್ಟಿದೆ ಅಂತ ಅಳೆಯುವ ವ್ಯವಸ್ಥೆ ಇರಲಿಲ್ಲ. ದೊಡ್ಡ ಕೌಂಟಿಗಳ (ಜಿಲ್ಲೆಗಳ) ಸರ್ಕಾರಿ ವಕೀಲರು, ಅಂದರೆ ಪ್ರಾಸಿಕ್ಯೂಟರ್‌ಗಳು ನೂರಾರು ಸಣ್ಣ ಕೇಸುಗಳನ್ನು ಕೈಬಿಟ್ಟರು. ಪ್ರತಿ ಪೊಟ್ಟಣವನ್ನೂ ಅಳೆಯಲು ಹೋದರೆ ಆಗುವ ಖರ್ಚು ಕೇಸಿನ ಬೆಲೆಗಿಂತ ಹೆಚ್ಚು ಅಂತ ಅವರಿಗೇ ಗೊತ್ತಾಯಿತು.

ಸರ್ಕಾರದ ಲೆಕ್ಕಕ್ಕೆ ಬರದ ಖರ್ಚು ಇನ್ನೊಂದಿದೆ. ಹೋಟೆಲ್ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹುಡುಗನ ಕೇಸು ನನ್ನ ಬಳಿ ಇತ್ತು. ಶುಕ್ರವಾರ ಸಂಜೆ ಅರೆಸ್ಟ್, ಜಡ್ಜ್ ಮುಂದೆ ನಿಂತಿದ್ದು ಶನಿವಾರ ಮಧ್ಯಾಹ್ನ. ಎರಡು ಪಾಳಿ ತಪ್ಪಿತು. ಮುಂದಿನ ದಿನಾಂಕಕ್ಕೆ ಬಂದ, ಪ್ರಾಸಿಕ್ಯೂಟರ್ ತಯಾರಿರಲಿಲ್ಲ, ಮುಂದೂಡಿದರು. ಮತ್ತೆ ಬಂದ, ಲ್ಯಾಬ್ ರಿಪೋರ್ಟ್ ಬಂದಿರಲಿಲ್ಲ, ಮತ್ತೆ ಮುಂದಕ್ಕೆ. ಕೋರ್ಟಿನ ಬೆಂಚಿನಲ್ಲಿ ಬೆಳಗ್ಗೆ ಒಂಬತ್ತರಿಂದ ಕೂತು, ಹೆಸರು ಕೂಗಿದ ಮೇಲೆ ಜಡ್ಜ್ ಮುಂದೆ ನಿಲ್ಲುತ್ತಿದ್ದದ್ದು ಒಂದು ನಿಮಿಷ. ಮೂರನೇ ಸಲ ರಜೆ ಕೇಳಿದಾಗ ಮಾಲೀಕ ಕೆಲಸ ಬಿಡಿಸಿದ. ಆಮೇಲೆ ಕೇಸೇ ವಜಾ ಆಯಿತು. ಕಾಗದದ ಮೇಲೆ ಅವನು ಗೆದ್ದ. ತಪ್ಪೇ ಸಾಬೀತಾಗದವನಿಗೆ ಕೆಲಸ ಹೋಯಿತು, ಬಾಡಿಗೆ ಬಾಕಿ ಬಿತ್ತು. ಇದನ್ನು ಯಾವ ಬಜೆಟ್ಟಿನಲ್ಲಿ ತೋರಿಸುತ್ತಾರೆ? ನನಗೆ ಈಗಲೂ ಸಿಟ್ಟು ಬರುತ್ತದೆ.

ಪ್ರಶ್ನೆ: ಅಕ್ಕಾ, ತುಂಬಾ ಭಯದಲ್ಲಿ ಬರೀತಿದೀನಿ. ಮಗ ಎಫ್-1 ವೀಸಾದಲ್ಲಿ ಮಾಸ್ಟರ್ಸ್ ಓದ್ತಿದಾನೆ. ಸ್ನೇಹಿತರ ಜೊತೆ ಕಾರಿನಲ್ಲಿ ಬೇರೆ ರಾಜ್ಯಕ್ಕೆ ಹೋದಾಗ ಪೊಲೀಸರು ನಿಲ್ಲಿಸಿ, ಇವನ ಬ್ಯಾಗಿನಲ್ಲಿ ಸ್ವಲ್ಪ ಗಾಂಜಾ ಸಿಕ್ಕಿ ಟಿಕೆಟ್ (ಪೊಲೀಸ್ ನೋಟಿಸ್) ಕೊಟ್ಟಿದಾರೆ. ‘ತಪ್ಪಾಯ್ತು ಅಂತ ದಂಡ ಕಟ್ಟಿ ಮುಗಿಸು’ ಅಂತ ಸ್ನೇಹಿತರು ಹೇಳ್ತಿದಾರಂತೆ. ಕಟ್ಟಿಬಿಡೋದಾ?

ಉತ್ತರ: ಬೇಡಮ್ಮ, ಈಗಲೇ ಕಟ್ಟಿಸಬೇಡಿ. ಅವನ ಸ್ನೇಹಿತರು ಅಮೆರಿಕದ ನಾಗರಿಕರಾಗಿದ್ದರೆ ಅವರಿಗೆ ಆ ಸಲಹೆ ನಡೆಯಬಹುದು, ನಿಮ್ಮ ಮಗನಿಗೆ ಅಲ್ಲ. ದಂಡ ಕಟ್ಟುವುದು ಕೆಲವು ಕಡೆ ತಪ್ಪು ಒಪ್ಪಿಕೊಂಡ ಹಾಗೇ. ಆ ಟಿಕೆಟ್ ಬರೀ ಸಿವಿಲ್ ದಂಡವೋ ಕ್ರಿಮಿನಲ್ ಚಾರ್ಜೋ ಅನ್ನುವುದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಟಿಕೆಟ್ ನೋಡದೆ ಹೇಳಲಾಗದು.

ಯಾವ ರಾಜ್ಯ ಗಾಂಜಾವನ್ನು ಕಾನೂನುಬದ್ಧ ಮಾಡಿರಲಿ, ಬಿಡಲಿ, ವಲಸೆ ಕಾನೂನು ಫೆಡರಲ್ ಸರ್ಕಾರದ್ದು. 1970ರ ಫೆಡರಲ್ ಕಾನೂನು ಗಾಂಜಾವನ್ನು ನಿಯಂತ್ರಿತ ವಸ್ತುಗಳ ಅತಿ ಕಠಿಣ ಪಟ್ಟಿಯಲ್ಲಿ ಹೆರಾಯಿನ್ ಜೊತೆ ಇಟ್ಟಿತು. ಕೆಳಗಿನ ಪಟ್ಟಿಗೆ ಇಳಿಸುವ ಪ್ರಸ್ತಾಪವನ್ನು ನ್ಯಾಯ ಇಲಾಖೆ 2024ರ ಮೇ ತಿಂಗಳಲ್ಲಿ ಮುಂದಿಟ್ಟಿತು, ಆದರೆ ಕೆಳಗಿನ ಪಟ್ಟಿಯಲ್ಲಿದ್ದರೂ ಅದು ನಿಯಂತ್ರಿತ ವಸ್ತುವೇ, ವೀಸಾದವರಿಗೆ ಅದರಿಂದ ನಿರಾಳ ಇಲ್ಲ.

ಇಲ್ಲೇ ಇರುವವರನ್ನು ಗಡೀಪಾರು ಮಾಡುವ ನಿಯಮದಲ್ಲಿ ಒಂದು ವಿನಾಯಿತಿ ಇದೆ: ಸ್ವಂತ ಬಳಕೆಗೆ, 30 ಗ್ರಾಂ ಒಳಗೆ, ಒಂದೇ ಸಲದ ತಪ್ಪು. ಆದರೆ ದೇಶದಿಂದ ಹೊರಗೆ ಹೋಗಿ ವಾಪಸ್ ಬರುವಾಗ ಬೇರೆಯ ನಿಯಮ, ಅಲ್ಲಿ ಈ ವಿನಾಯಿತಿ ತಾನಾಗಿ ಸಿಗುವುದಿಲ್ಲ. ಅಷ್ಟೇ ಅಲ್ಲ, ಶಿಕ್ಷೆ ಆಗದಿದ್ದರೂ ‘ಹೌದು, ನನ್ನ ಹತ್ತಿರ ಇತ್ತು’ ಅಂತ ಅಧಿಕಾರಿಯ ಮುಂದೆ ಕ್ರಮಬದ್ಧವಾಗಿ ಒಪ್ಪಿಕೊಂಡರೆ ಅದೇ ಸಾಕಾಗಬಹುದು. ಅಕ್ಕನ ಮದುವೆಗೆ ಅಂತ ಊರಿಗೆ ಹೋದವನು ವೀಸಾ ಸ್ಟ್ಯಾಂಪಿಂಗ್‌ನಲ್ಲಿ ಸಿಕ್ಕಿಬೀಳುವುದು ಹೀಗೆ.

ಇನ್ನೊಂದು ಗುಂಡಿ ಇದೆ. ಕೆಲವು ರಾಜ್ಯಗಳಲ್ಲಿ ‘ತಪ್ಪು ಒಪ್ಪಿಕೋ, ಆರು ತಿಂಗಳು ಸರಿಯಾಗಿರು, ಕೇಸು ಅಳಿಸುತ್ತೇವೆ’ ಅಂತಾರೆ. ರಾಜ್ಯದ ಕಣ್ಣಿಗೆ ಕೇಸು ಇಲ್ಲ. ವಲಸೆ ಕಾನೂನಿನ ಕಣ್ಣಿಗೆ ತಪ್ಪೊಪ್ಪಿಗೆ ಆಯಿತು, ಷರತ್ತು ವಿಧಿಸಿಯೂ ಆಯಿತು, ಹಾಗಾಗಿ ಅದು ಶಿಕ್ಷೆಯೇ. ತಪ್ಪೊಪ್ಪಿಗೆ ಇಲ್ಲದೆ ವಜಾ ಆಗುವ ದಾರಿ ಇದ್ದರೆ ಅದನ್ನೇ ಹಿಡಿಯಬೇಕು. ಕ್ರಿಮಿನಲ್ ವಕೀಲರಿಗೆ ‘ನಾನು ಎಫ್-1’ ಅನ್ನುವುದೇ ಅವನ ಮೊದಲ ಮಾತಾಗಿರಲಿ. ಅದನ್ನು ಪರಿಗಣಿಸಿ ಸಲಹೆ ಕೊಡುವುದು ವಕೀಲರ ಕರ್ತವ್ಯ ಅಂತ 2010ರಲ್ಲಿ ಪಡೀಯಾ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದೂ ಗಾಂಜಾ ಕೇಸೇ: ಟ್ರಕ್ಕಿನಲ್ಲಿ ಗಾಂಜಾ ಸಾಗಿಸಿದ ಆರೋಪ, ಆ ಮನುಷ್ಯ 40 ವರ್ಷದಿಂದ ಗ್ರೀನ್ ಕಾರ್ಡ್ ಇದ್ದವನು, ವಿಯೆಟ್ನಾಂ ಯುದ್ಧಕಾಲದಲ್ಲಿ ಈ ದೇಶದ ಸೇನೆಯಲ್ಲಿದ್ದವನು. ‘ಇಷ್ಟು ವರ್ಷ ಇದ್ದೀಯಲ್ಲ, ಚಿಂತೆ ಬೇಡ’ ಅಂತ ಅವನ ವಕೀಲ ಹೇಳಿದ್ದ. ಒಪ್ಪಿಕೊಂಡ, ಗಡೀಪಾರಿನ ಅಂಚಿಗೆ ಬಂದ.

ಮಗನ ಮೇಲೆ ಈಗ ಕೂಗಾಡಬೇಡಿ. ಟಿಕೆಟ್‌ನ ಎರಡೂ ಬದಿಯ ಫೋಟೋ ಇಟ್ಟುಕೊಳ್ಳಲಿ, ಕೋರ್ಟ್ ದಿನಾಂಕ ತಪ್ಪಿಸದಿರಲಿ, ವಕೀಲರನ್ನು ನೋಡುವವರೆಗೆ ದೇಶ ಬಿಟ್ಟು ಹೋಗದಿರಲಿ.

ಪ್ರಶ್ನೆ: ಕ್ಷಮಿಸಿ, ಆದರೆ ಕೇಳಲೇಬೇಕು. ಪೊಲೀಸರು ಸುಮ್ಮನಿದ್ದುಬಿಟ್ಟರೆ ನಮ್ಮ ಮಕ್ಕಳ ಗತಿ ಏನು? ಅಮಲಿನಲ್ಲಿ ಗಾಡಿ ಓಡಿಸುವವರನ್ನು ಏನು ಮಾಡೋದು?

ಉತ್ತರ: ಕೇಳಬೇಕಾದ ಪ್ರಶ್ನೆಯೇ. ನಾನು ಗಾಂಜಾ ಒಳ್ಳೆಯದು ಅನ್ನುತ್ತಿಲ್ಲ. ಹದಿಹರೆಯದ ಮಿದುಳಿಗೆ ಅದು ಕೆಟ್ಟದ್ದು, ಮಾನಸಿಕ ಕಾಯಿಲೆಯ ಹಿನ್ನೆಲೆ ಇರುವ ಮನೆಗಳಲ್ಲಿ ಇನ್ನೂ ಅಪಾಯ. ನನ್ನ ಮಕ್ಕಳಿಗೂ ಇದನ್ನೇ ಹೇಳುತ್ತೇನೆ. ಅಂಗಡಿಯವನು 21 ವರ್ಷದ ಒಳಗಿನವರಿಗೆ ಮಾರಿದರೆ ಲೈಸೆನ್ಸ್ ಕಿತ್ತುಕೊಳ್ಳಲಿ. ಆದರೆ 17 ವರ್ಷದವನನ್ನು ಕೈಕೋಳ ಹಾಕಿ ಕರೆದೊಯ್ದರೆ ಅವನ ಮಿದುಳು ಉಳಿಯುತ್ತಾ? ಗಾಂಜಾ ಮಾಡುವ ಹಾನಿಗಿಂತ ದೊಡ್ಡ ಹಾನಿಯನ್ನು ಶಿಕ್ಷೆಯೇ ಮಾಡಬಾರದು ಅನ್ನುವುದಷ್ಟೇ ನನ್ನ ಹಟ.

ಗಾಡಿ ವಿಷಯದಲ್ಲಿ ಪೊಲೀಸರು ಖಂಡಿತ ಬೇಕು. ಕಷ್ಟ ಏನೆಂದರೆ ಮದ್ಯದ ಹಾಗೆ ಊದಿಸಿ ಹೇಳುವಂತಿಲ್ಲ. ದಿನಾ ಸೇದುವವನ ರಕ್ತದಲ್ಲಿ ಅಮಲಿಳಿದ ಎಷ್ಟೋ ಹೊತ್ತಿನ ಮೇಲೂ ಟಿಎಚ್‌ಸಿ ಸಿಗುತ್ತದೆ. ಕೊಲೊರಾಡೊ ಒಂದು ಮಿಲಿಲೀಟರ್ ರಕ್ತಕ್ಕೆ 5 ನ್ಯಾನೋಗ್ರಾಂ ಅಂತ ಗೆರೆ ಹಾಕಿದೆ, ಆ ಗೆರೆ ದಾಟಿದರೂ ಅಮಲಿರಲಿಲ್ಲ ಅಂತ ವಾದಿಸಲು ಅವಕಾಶ ಇಟ್ಟಿದೆ. ಗಾಡಿ ಹೇಗೆ ಓಡಿಸುತ್ತಿದ್ದ ಅನ್ನುವುದನ್ನು ನೋಡಲು ತರಬೇತಾದ ಪೊಲೀಸರು ಬೇಕು. ಜೇಬು ತಡಕುವ ಹೊತ್ತನ್ನು ಇಲ್ಲಿಗೆ ಕೊಟ್ಟರೆ ನನ್ನ ತಕರಾರಿಲ್ಲ.

ಪ್ರಶ್ನೆ: ಹಳೇ ಕೇಸುಗಳು ಅಳಿಸಿ ಹೋಗುತ್ತವಾ?

ಉತ್ತರ: ನ್ಯೂಯಾರ್ಕ್ 2021ರ ಮಾರ್ಚ್ 31ರ ಕಾನೂನಿನಲ್ಲಿ, ಈಗ ಅಪರಾಧವಲ್ಲದ ಹಳೇ ಕೇಸುಗಳನ್ನು ತಾನಾಗಿ ಅಳಿಸುವ ಏರ್ಪಾಡು ಇದೆ. ಕೆಲವು ರಾಜ್ಯಗಳಲ್ಲಿ ಅರ್ಜಿ ಹಾಕಬೇಕು. 2022ರ ಅಕ್ಟೋಬರ್‌ನಲ್ಲಿ ಅಧ್ಯಕ್ಷ ಬೈಡನ್ ಕೊಟ್ಟ ಕ್ಷಮಾದಾನ ಬರೀ ಇಟ್ಟುಕೊಂಡ ಫೆಡರಲ್ ಕೇಸುಗಳಿಗೆ, ಅದೂ ನಾಗರಿಕರಿಗೆ ಮತ್ತು ಗ್ರೀನ್ ಕಾರ್ಡ್ ಇದ್ದವರಿಗೆ ಮಾತ್ರ. ಅಳಿಸಿದರೂ ವೀಸಾ ಅರ್ಜಿಯಲ್ಲಿ ‘ಎಂದಾದರೂ ಬಂಧನ ಆಗಿತ್ತಾ’ ಅಂತ ಕೇಳಿದಾಗ ಇಲ್ಲ ಅನ್ನಬೇಡಿ. ಸುಳ್ಳು ಹೇಳಿದ್ದೇ ದೊಡ್ಡ ತಪ್ಪಾಗುತ್ತದೆ.

ಪ್ರಶ್ನೆ: ಮೇಡಂ, ಮೊದಲ ಪ್ರಶ್ನೆ ಕೇಳಿದವನೇ ನಾನು. ಗಾಂಜಾ ಕಾನೂನುಬದ್ಧ ಆದ ರಾಜ್ಯಗಳಲ್ಲಿ ಈ ಬಣ್ಣದ ತಾರತಮ್ಯ ಹೋಯಿತಾ? ನಾಳೆ ನನ್ನ ಮಗಳ ಕಾರು ತಡೆದು ‘ವಾಸನೆ ಬರ್ತಿದೆ’ ಅಂದರೆ ಅವಳು ಏನು ಮಾಡಬೇಕು?

ಉತ್ತರ: ಬಂಧನದ ಒಟ್ಟು ಸಂಖ್ಯೆ ಬಿತ್ತು, ಅದು ಸಣ್ಣ ವಿಷಯವಲ್ಲ. ಅಂತರ ಮಾತ್ರ ಉಳಿಯಿತು. ಎಸಿಎಲ್‌ಯು 2020ರಲ್ಲಿ ತಂದ ಎರಡನೇ ವರದಿಯಲ್ಲಿ, 2018ರ ಲೆಕ್ಕದಂತೆ ಕಪ್ಪು ವ್ಯಕ್ತಿ ಸಿಕ್ಕಿಬೀಳುವ ಸಾಧ್ಯತೆ ದೇಶಾದ್ಯಂತ 3.64 ಪಟ್ಟು. ಕಾನೂನುಬದ್ಧ ಆದ ರಾಜ್ಯಗಳಲ್ಲಿ ಅಂತರ ಕಮ್ಮಿ ಇತ್ತು, ಆದರೆ ಇತ್ತು. ಪೊಲೀಸರು ಯಾವ ಬೀದಿಗೆ ಹೋಗುತ್ತಾರೆ ಅನ್ನುವುದು ಬದಲಾಗದೆ ಇದು ಪೂರ್ತಿ ಹೋಗುವುದಿಲ್ಲ.

ಗಾಂಜಾ ವಾಸನೆ ಒಂದೇ ಸಾಕು, ಕಾರು ತಡಕಬಹುದು ಅನ್ನುವ ಹಳೇ ನಿಯಮ ಹಲವು ಕಡೆ ಬಿದ್ದಿದೆ. ವಾಸನೆ ಒಂದೇ ಸಾಲದು ಅಂತ ನ್ಯೂಯಾರ್ಕ್ ಕಾನೂನಿನಲ್ಲೇ ಬರೆದಿದೆ, ಚಾಲಕರು ಅಮಲಿನಲ್ಲಿದ್ದಾರೆ ಅನ್ನುವ ತನಿಖೆಗೆ ಮಾತ್ರ ವಿನಾಯಿತಿ. ಮಿನೆಸೋಟಾ ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಅಂದಿತು. ಗಾಂಜಾ ಇನ್ನೂ ಅಪರಾಧವಾಗಿರುವ ರಾಜ್ಯಗಳಲ್ಲಿ ಸಾಮಾನ್ಯವಾಗಿ ಹಳೇ ನಿಯಮವೇ.

ಮಗಳಿಗೆ ಹೇಳಿ: ಇಂಜಿನ್ ಆಫ್ ಮಾಡಿ ಎರಡೂ ಕೈ ಸ್ಟೀರಿಂಗ್ ಮೇಲೆ ಇಡಲಿ. ಲೈಸೆನ್ಸ್, ರಿಜಿಸ್ಟ್ರೇಷನ್ ಕೇಳಿದರೆ ಕೊಡಲಿ. ‘ಕಾರು ನೋಡಲೇ?’ ಅಂದರೆ ‘ಸರ್, ತಪಾಸಣೆಗೆ ನನ್ನ ಒಪ್ಪಿಗೆ ಇಲ್ಲ’ ಅಂತ ಮೆತ್ತಗೆ, ಸ್ಪಷ್ಟವಾಗಿ ಹೇಳಲಿ. ಅವರು ಆದರೂ ತಡಕಿದರೆ ಅಡ್ಡ ನಿಲ್ಲಬಾರದು, ವಾದಿಸಬಾರದು, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸುವುದು ನಮ್ಮ ಕೆಲಸ. ‘ಯಾರದು, ಯಾವಾಗ ಸೇದಿದೆ’ ಅಂತ ಕೇಳಿದರೆ ‘ವಕೀಲರಿಲ್ಲದೆ ಉತ್ತರಿಸುವುದಿಲ್ಲ’ ಅಂದು ಸುಮ್ಮನಾಗಲಿ. ಆಮೇಲೆ ಮನೆಗೆ ಬಂದ ತಕ್ಷಣ ಸಮಯ, ಜಾಗ, ಪೊಲೀಸರ ಬ್ಯಾಡ್ಜ್ ನಂಬರ್, ಯಾರು ಏನಂದರು ಎಲ್ಲ ಬರೆದಿಡಲಿ. ಎರಡು ತಿಂಗಳ ಮೇಲೆ ನನ್ನಂಥವರು ಕೇಳಿದಾಗ ಯಾರಿಗೂ ನೆನಪಿರುವುದಿಲ್ಲ.